ಬಸುರಿಯ ಊಟದ ತಟ್ಟೆ, ಹುಟ್ಟುವ ಕೂಸಿನ ಉಸಿರು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಹಲಕುಂದಿಯಲ್ಲಿ ನಡೆದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನ್ನನ್ನು ಕರೆದು ಎರಡು ಮಾತನಾಡಲು ಹೇಳಿದ್ದೀರಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಅವರ ಮುಂದಿದ್ದ ಪ್ರಶ್ನೆ ಸಾಲದ್ದು. ಒಬ್ಬ ರೈತನಿಂದ ಆಗದ್ದು ಹತ್ತು ರೈತರು ಸೇರಿದರೆ ಆಗುತ್ತದೆ ಎಂದು ಅವರು ತೋರಿಸಿಕೊಟ್ಟರು. ನಾನು ಇವತ್ತು ಹೇಳಹೊರಟಿರುವ ವಿಷಯವೂ ಒಬ್ಬರಿಂದ ಆಗುವಂಥದ್ದಲ್ಲ. ಅದಕ್ಕೇ ಈ ವೇದಿಕೆಯಲ್ಲಿ ಹೇಳುವ ಮನಸ್ಸು ಮಾಡಿದೆ.

ನಾನು ಹಳ್ಳಿ ಹಳ್ಳಿ ತಿರುಗಿ ಬಸುರಿಯರನ್ನು, ಬಾಣಂತಿಯರನ್ನು ನೋಡಿಕೊಂಡವಳು. ಮೊದಮೊದಲು ಕೂಸುಗಳಿಗೆ ವಾಂತಿ-ಭೇದಿ, ದಡಾರ ಇವೇ ದೊಡ್ಡ ಚಿಂತೆ. ಬರಬರುತ್ತ ಬೇರೆ ಮಾತು ಕೇಳತೊಡಗಿದೆ: "ಅಕ್ಕಾ, ರಾತ್ರಿ ಆದರೆ ಮಗು ಗೊರಗೊರ ಅಂತದ", "ಮೊಣಕೈ ಸಂದಿನಾಗ ಕೆರೆತ ಹೋಗವಲ್ದು", "ಬೆಳಿಗ್ಗೆ ಎದ್ದರೆ ಹತ್ತು ಸೀನು". ದಮ್ಮು, ಇಸುಬು, ಮೂಗಿನ ಅಲರ್ಜಿ ಮೂರೂ ಒಂದೇ ಮನೆತನದ ಮಕ್ಕಳಿದ್ದ ಹಾಗೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ವರ್ಷಗಳ ಕಾಲ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಆಸ್ತಮಾ 1999ರ ಹೊತ್ತಿಗೆ ನೂರಕ್ಕೆ 29.5 ಆಗಿತ್ತು. ಅದು ದೊಡ್ಡ ಊರಿನ ಆಸ್ಪತ್ರೆಯ ಲೆಕ್ಕ, ನಮ್ಮ ಹಳ್ಳಿಯದ್ದಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ತಿಳಿಯುತ್ತದೆ.

ಕಾರಣ ಏನು? ಕಾರಣ ಒಂದಲ್ಲ. ತಂದೆ-ತಾಯಿಗೆ ಅಲರ್ಜಿ ಇದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ಲಾರಿಗಳ ಧೂಳು, ಕಾರ್ಖಾನೆಯ ಹೊಗೆ, ಒಲೆಯ ಹೊಗೆ, ಬೀಡಿಯ ಹೊಗೆ ಇವೆ. ಕಾಂಗ್ರೆಸ್ ಹುಲ್ಲು ಇದೆ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಹೂವಿನ ಪರಾಗವೂ ಅಲರ್ಜಿ ತರುವಂಥದ್ದೇ. ಇವೆಲ್ಲ ಮಗು ಹುಟ್ಟಿದ ಮೇಲೆ ಹೊರಗಿನಿಂದ ಬಂದು ಕಾಡುವವು. ಆದರೆ ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಇನ್ನೂ ಒಂದು ಪ್ರಶ್ನೆ ಕೇಳುತ್ತಿದ್ದಾರೆ. ಮಗು ಹೊಟ್ಟೆಯಲ್ಲಿ ಇರುವಾಗಲೇ ಏನಾದರೂ ಆಗುತ್ತದೆಯೇ? ತಾಯಿ ಉಣ್ಣುವ ಅನ್ನದ ಜೊತೆ, ಕುಡಿಯುವ ಚಹಾದ ಜೊತೆ ಹೋಗುವ ಪ್ಲಾಸ್ಟಿಕ್ಕಿನ ರಾಸಾಯನಿಕಗಳಿಗೂ ಮಗುವಿನ ದಮ್ಮಿಗೂ ನಂಟು ಇದೆಯೇ?

ಮೊದಲು ಈ ರಾಸಾಯನಿಕ ಏನು ಅಂತ ತಿಳಿಯೋಣ. ಎರಡು ಹೆಸರು ನೆನಪಿಟ್ಟರೆ ಸಾಕು. ಒಂದು ಥಾಲೇಟ್. ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ ಸ್ವಭಾವದಲ್ಲಿ ಗಡಸು. ಅದನ್ನು ಮೆತ್ತಗೆ ಮಾಡಲು ಥಾಲೇಟ್ ಬೆರೆಸುತ್ತಾರೆ. ರೆಕ್ಸಿನ್, ನೆಲಕ್ಕೆ ಹಾಸುವ ಹಾಳೆ, ಮಗುವಿನ ಕೆಳಗೆ ಹಾಕುವ ಮೆತ್ತನೆಯ ಶೀಟು, ಅಗ್ಗದ ಆಟಿಕೆ ಇವುಗಳಲ್ಲಿ ಇದು ಇರಬಹುದು. ಸೆಂಟು, ಪರಿಮಳದ ಪೌಡರು, ಕ್ರೀಮುಗಳಲ್ಲೂ ವಾಸನೆ ನಿಲ್ಲಲೆಂದು ಬಳಸುವುದುಂಟು. ಎರಡನೆಯದು ಬಿಸ್ಫಿನಾಲ್-ಎ. ಗಾಜಿನಂತೆ ಕಾಣುವ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ, ಆಹಾರ ತುಂಬಿದ ಕೆಲವು ಡಬ್ಬಿಗಳ ಒಳಲೇಪದಲ್ಲಿ ಇದು ಇರುತ್ತದೆ. ಥಾಲೇಟು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಹಿಟ್ಟಿನಲ್ಲಿ ಎಣ್ಣೆ ಕಲಸಿದ ಹಾಗೆ ಇರುತ್ತದೆ. ಬಿಸಿ ತಗುಲಿದರೆ, ಎಣ್ಣೆ-ತುಪ್ಪ ತಗುಲಿದರೆ ಹೊರಗೆ ಬರುತ್ತದೆ. ಬಿಸ್ಫಿನಾಲೂ ಅಷ್ಟೇ, ಬಿಸಿಗೆ ಸ್ವಲ್ಪ ಸ್ವಲ್ಪವಾಗಿ ಕಳಚಿಕೊಳ್ಳುತ್ತದೆ.

ತಾಯಿಯ ಹೊಟ್ಟೆ ಸೇರಿದ ಇವು ರಕ್ತಕ್ಕೆ ಹೋಗುತ್ತವೆ. ಮಾಸು ಎಲ್ಲವನ್ನೂ ಸೋಸಿ ಬಿಡುತ್ತದೆ ಅಂತ ನಾವು ತಿಳಿದಿದ್ದೆವು. ಹಾಗಿಲ್ಲ. ಈ ರಾಸಾಯನಿಕಗಳು ಮಾಸನ್ನು ದಾಟುತ್ತವೆ. ಕೂಸಿನ ಸುತ್ತಲಿನ ನೀರಿನಲ್ಲೂ, ಹೊಕ್ಕುಳಬಳ್ಳಿಯ ರಕ್ತದಲ್ಲೂ ಇವುಗಳ ಗುರುತು ಸಿಕ್ಕಿದೆ. ಅದೇ ಹೊತ್ತಿನಲ್ಲಿ ಕೂಸಿನ ಶ್ವಾಸಕೋಶ ರೂಪ ತಾಳುತ್ತಿರುತ್ತದೆ. ರೋಗದ ಜೊತೆ ಹೋರಾಡುವ ಶಕ್ತಿಯೂ ಆಗಲೇ ಪಾಠ ಕಲಿಯುತ್ತಿರುತ್ತದೆ. ಹೊಲ ಕಾಯುವವನಿಗೆ ಯಾವುದು ಕಳ್ಳದನ, ಯಾವುದು ಮನೆದನ ಅಂತ ಗೊತ್ತಿರಬೇಕಲ್ಲವೆ? ಆ ಗುರುತು ತಪ್ಪಿದರೆ ಮನೆದನವನ್ನೇ ಅಟ್ಟಿಸಿಕೊಂಡು ಹೋಗುತ್ತಾನೆ. ಅಲರ್ಜಿ ಎಂದರೆ ಇದೇ. ಧೂಳಿನ ಒಂದು ಕಣವನ್ನೂ ದೊಡ್ಡ ವೈರಿ ಎಂದು ತಿಳಿದು ದೇಹ ದಂಡೆತ್ತಿ ಹೋಗುವುದು.

ಇದಕ್ಕೆ ಪುರಾವೆ ಏನು ಅಂತೀರಾ? ಅಮೆರಿಕದ ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು 300 ತಾಯಂದಿರ ಮೂತ್ರವನ್ನು ಬಸಿರಿನಲ್ಲಿ ಪರೀಕ್ಷಿಸಿ, ಅವರ ಮಕ್ಕಳನ್ನು 11 ವರ್ಷದವರೆಗೆ ನೋಡಿಕೊಂಡು ಬಂದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ಬಗೆಯ ಥಾಲೇಟು ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ, ಕಡಿಮೆ ಇದ್ದವರ ಮಕ್ಕಳಿಗಿಂತ ಆಸ್ತಮಾದ ಸಂಭವ ನೂರಕ್ಕೆ ಎಪ್ಪತ್ತರಷ್ಟು ಹೆಚ್ಚು ಕಂಡಿತು. ಜರ್ಮನಿಯ ಲೈಪ್‌ಜಿಗ್ ನಗರದವರು 2017ರಲ್ಲಿ ತಾಯಿ-ಮಕ್ಕಳಲ್ಲಿ ಇಂಥದ್ದೇ ನಂಟು ಕಂಡರು. ಬಸುರಿ ಇಲಿಗಳಿಗೆ ಥಾಲೇಟು ಕೊಟ್ಟು ನೋಡಿದಾಗ ಮರಿಗಳಲ್ಲಿ ಅಷ್ಟೇ ಅಲ್ಲ, ಮರಿಗಳ ಮರಿಗಳಲ್ಲೂ ಶ್ವಾಸನಾಳದ ಅಲರ್ಜಿ ಹೆಚ್ಚಾಗಿತ್ತು. 2022ರಲ್ಲಿ ಯುರೋಪಿನ ಆರು ದೇಶಗಳ 3,007 ತಾಯಿ-ಮಕ್ಕಳ ಲೆಕ್ಕ ಬಂತು. ನೂರಕ್ಕೆ 90 ತಾಯಂದಿರ ಮೂತ್ರದಲ್ಲಿ ಬಿಸ್ಫಿನಾಲ್ ಸಿಕ್ಕಿತ್ತು. ಅದು ಹೆಚ್ಚಿದ್ದ ಕಡೆ ಹೆಣ್ಣುಮಕ್ಕಳಲ್ಲಿ ಆಸ್ತಮಾ, ಗೊರಗೊರ ಸ್ವಲ್ಪ ಹೆಚ್ಚು ಇತ್ತು. ಗಂಡುಮಕ್ಕಳಲ್ಲಿ ಆ ನಂಟು ಕಾಣಲಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳಿಲ್ಲ. ಕೆಲವದರಲ್ಲಿ ನಂಟು ಕಂಡಿಲ್ಲ, ಒಂದೆರಡರಲ್ಲಿ ತಿರುಗಾಮುರುಗಾ ಕಂಡಿದೆ. ನಂಟು ಕಂಡಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದು ಸಾಬೀತಾದಂತೆಯೂ ಅಲ್ಲ. ಆದರೆ ಬೆಂಕಿ ಹತ್ತಿದೆಯೋ ಇಲ್ಲವೋ ಎಂದು ವಾದ ಮಾಡುತ್ತಾ ಬಣವೆಯ ಪಕ್ಕ ಕೂರುವವರು ಉಂಟೇ? ಯುರೋಪಿನವರು 2011ರಲ್ಲಿ ಕೂಸಿನ ಹಾಲಿನ ಬಾಟಲಿಗೆ ಬಿಸ್ಫಿನಾಲ್ ನಿಷೇಧಿಸಿದರು. 2024ರ ಡಿಸೆಂಬರಿನಲ್ಲಿ ಆಹಾರಕ್ಕೆ ತಾಗುವ ವಸ್ತುಗಳಿಗೂ ಅದನ್ನು ನಿಷೇಧಿಸುವ ನಿಯಮ ಮಾಡಿದರು. ನಮ್ಮಲ್ಲೂ ಹಾಲುಣಿಸುವ ಬಾಟಲಿಗೆ ಬಿಸ್ಫಿನಾಲ್ ಬೇಡ ಎಂದು ಭಾರತೀಯ ಮಾನಕ ಬ್ಯೂರೋ 2015ರ ಮಾನದಂಡದಲ್ಲೇ ಹೇಳಿದೆ.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಅಂತ ಹಿಂದೆ ಕೂತವರು ಗೊಣಗುತ್ತಿದ್ದೀರಿ. ನಮ್ಮ ರಾಜ್ಯದ ಇಡ್ಲಿಯ ಕತೆಗೇ ಬರೋಣ. ನಮ್ಮ ಅವ್ವಂದಿರು ಇಡ್ಲಿ ತಟ್ಟೆಗೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹಾಕುತ್ತಿದ್ದರು. ಹೋಟೆಲಿನವರು ಬಟ್ಟೆ ಒಗೆಯುವ ಕೆಲಸ ಉಳಿಯಲೆಂದು ಪ್ಲಾಸ್ಟಿಕ್ ಹಾಳೆ ಹಾಸತೊಡಗಿದರು. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ ಸುಮಾರು 250 ಕಡೆ ಪರಿಶೀಲಿಸಿದಾಗ 52 ಕಡೆ ಹೀಗೆ ಪ್ಲಾಸ್ಟಿಕ್ ಬಳಸಿದ್ದು ಕಂಡುಬಂತು. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಕೂಡದು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಹೇಳಬೇಕಾಯಿತು. ಬಸುರಿಗೆ ಹಗುರಾದ ಆಹಾರ ಅಂತ ನಾವೇ ಕೊಡಿಸುವುದು ಇಡ್ಲಿಯನ್ನೇ ಅಲ್ಲವೆ!

ಇನ್ನು ನಮ್ಮ ಹೊಲದ ಚಹಾ. ಮೆಣಸಿನಕಾಯಿ ಬಿಡಿಸುವ ಆಳುಗಳಿಗೆ, ಹತ್ತಿ ಬಿಡಿಸುವವರಿಗೆ ಚಹಾ ಹೋಗುವುದು ಹೇಗೆ? ತೆಳ್ಳನೆಯ ಕವರಿನಲ್ಲಿ, ಕುದಿಯುವಾಗಲೇ ಹೊಯ್ದು, ದಾರ ಕಟ್ಟಿ. ಆ ಆಳುಗಳಲ್ಲಿ ಬಸುರಿಯರೂ ಇರುತ್ತಾರೆ. ಕಾಗದದ ಲೋಟ ಆದರೆ ಪರವಾಗಿಲ್ಲ ಅಂತೀರಿ. ಅದರ ಒಳಗೂ ತೆಳು ಪ್ಲಾಸ್ಟಿಕ್ಕಿನ ಪದರ ಇದೆ. 2020ರಲ್ಲಿ ಖರಗ್‌ಪುರದ ಐ.ಐ.ಟಿ.ಯವರು ಇಂಥ ಲೋಟದಲ್ಲಿ 100 ಮಿ.ಲೀ. ಬಿಸಿ ನೀರು ಹಾಕಿ 15 ನಿಮಿಷ ಬಿಟ್ಟು ನೋಡಿದರೆ 25,000 ಪ್ಲಾಸ್ಟಿಕ್ ಕಣಗಳು ಬಿಟ್ಟುಕೊಂಡಿದ್ದವು. ಪಾಲಿಥೀನ್ ಕವರಿಗೆ ಥಾಲೇಟು ಬೇಕೆಂದೇನಿಲ್ಲ, ನಿಜ. ಆದರೆ ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಬಣ್ಣದ ಕವರಿನಲ್ಲಿ ಏನೇನು ಬೆರೆತಿದೆ ಎಂದು ಮಾರುವವನಿಗೂ ತಿಳಿಯದು, ಕೊಳ್ಳುವವನಿಗೂ ತಿಳಿಯದು. ಬಿಸಿ ಸಾಂಬಾರು, ಎಣ್ಣೆ ಸುರಿಯುವ ಮಿರ್ಚಿ ಅದರಲ್ಲೇ ಮನೆಗೆ ಬರುತ್ತವೆ.

ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟಗಳಿಗೆ ನಿಷೇಧ ಬಂತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲೇ ನಿಷೇಧ ಬಂತು. ಕಾನೂನು ಕಾಗದದ ಮೇಲಿದೆ, ಕವರು ಕೈಯಲ್ಲಿದೆ.

ಹಂಗಂತ ನಾನು ಹೆದರಿಸಲಿಕ್ಕೆ ಬಂದಿಲ್ಲ. ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ನೀರಿನ ಗಟ್ಟಿ ಪೈಪಿಗೆ ಮೆತ್ತಗೆ ಮಾಡುವ ಥಾಲೇಟು ಬೇಕಿಲ್ಲ. ಒಣ ಜೋಳ, ಬೇಳೆ ತುಂಬಿದ ಡ್ರಮ್ಮಿನಿಂದ ದೊಡ್ಡ ಅಪಾಯ ಇಲ್ಲ. ತಣ್ಣೀರಿನ ಪ್ಲಾಸ್ಟಿಕ್ ಕೊಡ ಬಿಸಾಡಿ ಅಂತಲೂ ಹೇಳಲಾರೆ. ತುಂಬಿದ ಬಸುರಿ ಹಿತ್ತಾಳೆ ಕೊಡ ಹೊರುವುದಕ್ಕಿಂತ ಹಗುರಾದ ಕೊಡ ಹೊರುವುದು ಮೇಲು. ಆ ಕೊಡವನ್ನು ಮನೆಯ ಗಂಡಸರೇ ಹೊತ್ತರೆ ಇನ್ನೂ ಮೇಲು!

ನೆನಪಿಡಬೇಕಾದ್ದು ಮೂರು ಮಾತು: ಬಿಸಿ, ಎಣ್ಣೆ, ಹುಳಿ. ಬಿಸಿ ಇದ್ದದ್ದು, ಎಣ್ಣೆ ಇದ್ದದ್ದು, ಹುಳಿ ಇದ್ದದ್ದು ಪ್ಲಾಸ್ಟಿಕ್ಕಿಗೆ ಬೇಡ. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿ ಇಟ್ಟ ನಮ್ಮ ಅಜ್ಜಿಯಂದಿರಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಪದ್ಧತಿ ಗೊತ್ತಿತ್ತು. ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಬೈಕಿಗೆ ತೂಗುಹಾಕಿದ ನೀರಿನ ಬಾಟಲಿ ಕಾದು ಬಿಸಿಯಾಗುತ್ತದೆ, ಆ ನೀರು ಬಸುರಿಗೆ ಕೊಡಬೇಡಿ. ಒಲೆ ಹಚ್ಚಲು ಕವರಿನ ತುಂಡು ಹಾಕುವ ರೂಢಿ ಬಿಡಿ. ಪ್ಲಾಸ್ಟಿಕ್ ಸುಟ್ಟ ಹೊಗೆ ಬಸುರಿಗೂ ಕೆಟ್ಟದ್ದು, ಎಳೆಯ ಮಕ್ಕಳ ಎದೆಗೂ ಕೆಟ್ಟದ್ದು. ಇದರಲ್ಲಿ ಯಾವ ವಿಜ್ಞಾನಿಗೂ ಅನುಮಾನ ಇಲ್ಲ. ಕ್ರಿಮಿನಾಶಕದ ಖಾಲಿ ಕ್ಯಾನು ಎಷ್ಟೇ ತೊಳೆದರೂ ಮನೆಯೊಳಗೆ ತರಬೇಡಿ. ಹುಟ್ಟಿದ ಮೇಲೆ ಎದೆಹಾಲೇ ಕೊಡಿ, ಪ್ಲಾಸ್ಟಿಕ್ಕಿನ ಹೆದರಿಕೆಯಿಂದ ಅದನ್ನು ನಿಲ್ಲಿಸಬೇಡಿ. ಬಾಟಲಿ ಬದಲು ಒಳಲೆ, ಬಟ್ಟಲು-ಚಮಚ ಇದೆ. ದಮ್ಮು ಇರುವ ಮಗುವಿಗೆ ವೈದ್ಯರು ಕೊಟ್ಟ ಪಂಪು ಪ್ಲಾಸ್ಟಿಕ್ಕಿನದೇ. ಅದನ್ನು ಮಾತ್ರ ಯಾವ ಕಾರಣಕ್ಕೂ ಬಿಡಿಸಬೇಡಿ.

ಸಂತೋಷದ ಸುದ್ದಿಯೂ ಇದೆ. ಈ ಎರಡು ರಾಸಾಯನಿಕಗಳು ದೇಹದಲ್ಲಿ ಮನೆ ಮಾಡಿ ಕೂರುವುದಿಲ್ಲ. ಬಹುಪಾಲು ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತವೆ. 2011ರಲ್ಲಿ ಅಮೆರಿಕದಲ್ಲಿ ಐದು ಕುಟುಂಬಗಳ 20 ಜನರಿಗೆ ಮೂರು ದಿನ ಡಬ್ಬಿ-ಪ್ಲಾಸ್ಟಿಕ್ ಸೋಕದ ತಾಜಾ ಅಡಿಗೆ ಕೊಟ್ಟು ನೋಡಿದರು. ಮೂತ್ರದಲ್ಲಿ ಬಿಸ್ಫಿನಾಲ್ ಸರಾಸರಿ ಮೂರರಲ್ಲಿ ಎರಡು ಪಾಲು ಇಳಿದಿತ್ತು, ಒಂದು ಬಗೆಯ ಥಾಲೇಟು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಇವತ್ತು ಬಿಟ್ಟರೆ ನಾಳೆಯೇ ಕಡಿಮೆ. ತುಂಬಿದ ಏಳು ತಿಂಗಳಲ್ಲಿ ಶುರು ಮಾಡಿದರೂ ತಡವಾಯಿತು ಅಂತಿಲ್ಲ.

ಕೊನೆಯದಾಗಿ ನನ್ನ ಮನಸ್ಸಿನಲ್ಲಿರುವ ಭಯ ಒಂದನ್ನು ಹೇಳಿಬಿಡುತ್ತೇನೆ. ಈ ವಿಷಯ ಊರಿನಲ್ಲಿ ಹರಡಿದ ಮೇಲೆ ಮಗುವಿಗೆ ದಮ್ಮು ಬಂತೆಂದರೆ ಅತ್ತೆ ಸೊಸೆಗೆ "ನೀನು ಬಸುರಾಗಿದ್ದಾಗ ಕವರಿನ ಚಹಾ ಕುಡಿದಿದ್ದಿ, ಅದಕ್ಕ ಹಿಂಗಾತು" ಅನ್ನಬಾರದು. ಗಂಡುಮಗು ಆಗಲಿಲ್ಲ ಎಂದು ಬೈದದ್ದು ಸಾಕು, ಇದೊಂದು ಹೊಸ ಬೈಗುಳ ಬೇಡ. ಕವರಿನಲ್ಲಿ ಚಹಾ ಕಟ್ಟಿಸಿಕೊಂಡು ತಂದವರು ಯಾರು? ಅಂಗಡಿಯಲ್ಲಿ ಮಾರಿದವರು ಯಾರು? ಕುಬುಸದ ಊಟಕ್ಕೆ ಪ್ಲಾಸ್ಟಿಕ್ ತಟ್ಟೆ, ಲೋಟ ತಂದವರು ಯಾರು? ಒಬ್ಬ ಬಸುರಿಯ ಕೈಯಲ್ಲಿ ಇದು ಯಾವುದೂ ಇಲ್ಲ. ಇದು ಊರಿನ ಕೈಯಲ್ಲಿದೆ.

ಆದ್ದರಿಂದ ಸಂಘದ ಮುಂದೆ ನನ್ನ ಮೂರು ಬಿನ್ನಹ. ಒಂದು, ಇನ್ನೂರು ಸ್ಟೀಲ್ ತಟ್ಟೆ, ಇನ್ನೂರು ಲೋಟ, ನಾಲ್ಕು ದೊಡ್ಡ ಚಹಾ ಕ್ಯಾನು ಕೊಂಡು ಇಟ್ಟು, ಮದುವೆ, ಕುಬುಸ, ಜಾತ್ರೆಗೆ ಕಡಿಮೆ ಬಾಡಿಗೆಗೆ ಕೊಡಲಿ. ಹೊಲಕ್ಕೆ ಹೋಗುವ ಚಹಾವೂ ಆ ಕ್ಯಾನಿನಲ್ಲೇ ಹೋಗಲಿ. ಎರಡು, ಸದಸ್ಯರು ಒಯ್ದ ಕ್ರಿಮಿನಾಶಕದ ಖಾಲಿ ಡಬ್ಬಿಗಳನ್ನು ತೂತು ಮಾಡಿ ವಾಪಸು ತಂದಿಡಲು ಒಂದು ಜಾಗ ಮಾಡಲಿ. ಮೂರು, ಇಂದಿನ ಈ ಸಭೆಯಿಂದಲೇ ಶುರುವಾಗಲಿ. ಈಗ ಹೊರಗೆ ಚಹಾ ಕಾಯುತ್ತಿದೆ, ಪಕ್ಕದಲ್ಲಿ ಕಾಗದದ ಲೋಟದ ಗಂಟು ಇರುವುದನ್ನು ಬರುವಾಗಲೇ ನೋಡಿದೆ. ಅಧ್ಯಕ್ಷರು ಸಿಟ್ಟಾಗಬಾರದು. ಎದುರು ಮನೆಗಳಿಂದ ನಾಲ್ಕು ಹೆಣ್ಣುಮಕ್ಕಳು ಎದ್ದು ಹೋಗಿ ಸ್ಟೀಲ್ ಲೋಟ ತಂದರೆ ಚಹಾ ಆರುವುದರೊಳಗೆ ಎಲ್ಲರೂ ಕುಡಿಯಬಹುದು. ತೊಳೆಯುವುದಕ್ಕೆ ನಾನೇ ಮೊದಲು ನಿಲ್ಲುತ್ತೇನೆ.