ಹಕ್ಕಿನ ಹೋರಾಟಕ್ಕೆ ವಕೀಲರ ಆಯ್ಕೆ

(ದಶಲಕ್ಷಣ ಪರ್ವದ ಸಂದರ್ಭದಲ್ಲಿ ಮುಂಬಯಿಯ ಕನ್ನಡ ಜೈನ ಬಾಂಧವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಲೆಕ್ಕಪತ್ರಗಳನ್ನು ಪರಿಶೋಧಿಸುವವನು ವಕೀಲರ ವಿಷಯವನ್ನು ಏಕೆ ಎತ್ತಿಕೊಂಡನೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಗೆ ಒಬ್ಬ ಹಿರಿಯರು ಬಂದಿದ್ದರು. ಅವರ ಮಗಳು ಸಮಾಜದ ಹೊರಗೆ ವಿವಾಹವಾಗಿದ್ದಳು. ಊರಿನ ಪಂಚರು ಸಭೆ ಸೇರಿ, ಆ ಮನೆಯ ಶುಭಾಶುಭಗಳಿಗೆ ಯಾರೂ ಹೋಗಕೂಡದೆಂದು ನಿರ್ಣಯಿಸಿದ್ದರು. ಮರುವರ್ಷ ಅವರ ತಾಯಿ ತೀರಿಕೊಂಡಾಗ ಹೆಗಲು ಕೊಡಲು ನೆರೆಯವರೂ ಬರಲಿಲ್ಲ. ಯಾವ ವಕೀಲರನ್ನು ಕಾಣಲಿ ಎಂದು ಅವರು ಕೇಳಿದರು. ನಾನು ಕ್ಷಣವೂ ಯೋಚಿಸದೆ ನಮ್ಮವರೇ ಆದ ಒಬ್ಬರ ಹೆಸರನ್ನು ಸೂಚಿಸಿದೆ.

ಆ ವಕೀಲರು ಸಜ್ಜನರು. ಆದರೆ ಅವರ ವೃತ್ತಿಯೆಲ್ಲ ಮನೆ ಖರೀದಿಯ ಕರಾರು, ನೋಂದಣಿ, ಮರಣಶಾಸನಗಳಲ್ಲಿ ಕಳೆದಿತ್ತು. ಪಂಚರಲ್ಲಿ ಇಬ್ಬರು ಅವರ ಕಕ್ಷಿದಾರರೇ ಆಗಿದ್ದರು. ಮಾತುಕತೆಯಲ್ಲಿ ಮುಗಿಸೋಣ, ಚಾತುರ್ಮಾಸ ಕಳೆಯಲಿ, ಮಹಾರಾಜರು ಬರಲಿ ಎನ್ನುತ್ತ ಕಾಲ ಸಾಗಿತು. ಕೊನೆಗೆ ಈ ಬಗೆಯ ಮೊಕದ್ದಮೆಗಳನ್ನು ನಡೆಸಿದ ಅನುಭವವುಳ್ಳ ವಕೀಲೆಯೊಬ್ಬರ ಬಳಿಗೆ ಅವರನ್ನು ಕರೆದೊಯ್ದಾಗ, ಆಕೆ ಕೇಳಿದ ಮೊದಲ ಪ್ರಶ್ನೆ ಪಂಚರ ನಿರ್ಣಯದ ದಿನಾಂಕ ಯಾವುದು ಎಂಬುದು. ಮೂರು ವರ್ಷ ಕಳೆದು ಕೆಲವು ವಾರಗಳಾಗಿದ್ದವು.

ಆ ಮೂರು ವರ್ಷಕ್ಕೆ ಅರ್ಥವಿದೆ. ಮಹಾರಾಷ್ಟ್ರದಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರಲ್ಲಿ ಶಾಸನಸಭೆ ಅಂಗೀಕರಿಸಿದ, 2017ರಲ್ಲಿ ಜಾರಿಗೆ ಬಂದ ಪ್ರತ್ಯೇಕ ಕಾಯ್ದೆಯಿದೆ. ಬಹಿಷ್ಕಾರ ಹಾಕಿದವರಿಗೆ ಮೂರು ವರ್ಷದವರೆಗೆ ಕಾರಾಗೃಹ, ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ. ನೊಂದವರಾಗಲಿ ಅವರ ಕುಟುಂಬದವರಾಗಲಿ ಪೊಲೀಸರಿಗೆ ಇಲ್ಲವೆ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಆದರೆ ಇಷ್ಟು ಪ್ರಮಾಣದ ಶಿಕ್ಷೆಯುಳ್ಳ ಅಪರಾಧಗಳನ್ನು ನ್ಯಾಯಾಲಯವು ಮೂರು ವರ್ಷದೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕೆಂಬುದು ದಂಡಪ್ರಕ್ರಿಯೆಯ ಸಾಮಾನ್ಯ ನಿಯಮ. ವಿಳಂಬಕ್ಕೆ ಸಮರ್ಪಕ ಕಾರಣ ತೋರಿಸಿದರೆ ಮನ್ನಿಸಬಹುದು, ಬಹಿಷ್ಕಾರ ಇಂದಿಗೂ ನಡೆದೇ ಇದೆಯೆಂದು ವಾದಿಸಬಹುದು, ಆದರೆ ಅದು ದೀರ್ಘವಾದ ದಾರಿ ಎಂದು ಆಕೆ ವಿವರಿಸಿದರು. ಹಿರಿಯರು ಎಲ್ಲವನ್ನೂ ಕೇಳಿಸಿಕೊಂಡು, ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಇನ್ನು ಶಕ್ತಿಯಿಲ್ಲ ಎಂದಷ್ಟೇ ಹೇಳಿದರು. ಅವರಿಗೆ ಮೊದಲ ವಕೀಲರ ಹೆಸರು ಕೊಟ್ಟವನು ನಾನು. ಇಂದಿನ ಉಪನ್ಯಾಸಕ್ಕೆ ಅದೇ ಕಾರಣ.

ನಮ್ಮ ಸಮಾಜಕ್ಕೆ ಒಳ್ಳೆಯ ವಕೀಲರನ್ನು ಹುಡುಕುವುದು ತಿಳಿಯದೆಂದಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ದೇಶದ ತುಂಬ ನಮ್ಮವರು ಒಂದಾದರು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಮೂರು ವಾರಗಳಲ್ಲಿ ಹಣ, ಕಾಗದಪತ್ರ, ನುರಿತ ವಕೀಲರು ಎಲ್ಲವೂ ಕೂಡಿಬಂದವು. ಅಲ್ಪಸಂಖ್ಯಾತ ಮಾನ್ಯತೆಗಾಗಿ ಬಾಳ್ ಪಾಟೀಲರು ಬಾಂಬೆ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋದರು. 2005ರಲ್ಲಿ ನ್ಯಾಯಾಲಯ ನಿರ್ದೇಶನ ನೀಡಲು ಒಪ್ಪಲಿಲ್ಲ. ಆದರೂ ಬೇಡಿಕೆ ಜೀವಂತವಾಗಿ ಉಳಿದು, 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿತು. ಸಮಾಜ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ಇದ್ದಾಗ ನಮಗೆ ದಾರಿ ಗೊತ್ತಿದೆ. ಒಬ್ಬ ವ್ಯಕ್ತಿ ಒಂದು ಕಡೆ, ಸಮಾಜವೇ ಇನ್ನೊಂದು ಕಡೆ ಇದ್ದಾಗ ಆ ವ್ಯಕ್ತಿಗೆ ದಾರಿ ತೋರಿಸುವವರು ಯಾರೂ ಇರುವುದಿಲ್ಲ. ಆಗ ಅವನು 'ನಮ್ಮವರ' ಬಳಿಗೇ ಹೋಗುತ್ತಾನೆ. ಹಕ್ಕಿನ ಮೊಕದ್ದಮೆಗೆ ಬೇಕಾದವರು ಆ ವಿಷಯದಲ್ಲಿ ಪಳಗಿದ, ಎದುರಾಳಿಗಳ ಹಂಗಿಲ್ಲದ ವಕೀಲರು. ಅವರು ನಮ್ಮ ಜಾತಿಯವರೇ ಆಗಿರಬೇಕಿಲ್ಲ.

ಪಳಗಿದವರು ಎಂದರೇನು? ಇದೇ ಕೊಂಕಣದ ಮಹಾಡದ ಪ್ರಸಂಗವನ್ನು ನೆನೆಯೋಣ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಚವದಾರ್ ಕೆರೆಯ ನೀರನ್ನು ಮುಟ್ಟಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸವರ್ಣೀಯರು ಅವರ ಮೇಲೆ ದಾವೆ ಹೂಡಿದರು. ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿಯಿಂದ ಬಂದ ರೂಢಿ ಎಂಬುದು ಅವರ ವಾದವಾಗಿತ್ತು. 1937ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಅಂತಹ ಅನಾದಿ ರೂಢಿ ಸಿದ್ಧವಾಗಿಲ್ಲವೆಂದು ನಿರ್ಣಯಿಸಿತು. ಹತ್ತು ವರ್ಷದ ಆ ವ್ಯಾಜ್ಯ ತೀರ್ಮಾನವಾದದ್ದು ರೂಢಿಯನ್ನು ಯಾರು ಸಿದ್ಧಪಡಿಸಬೇಕು, ಅದಕ್ಕೆ ಸಾಕ್ಷ್ಯವೇನು ಎಂಬ ಪ್ರಶ್ನೆಯ ಮೇಲೆ. ಹಕ್ಕಿನ ವಕೀಲರಿಗೆ ಸಂವಿಧಾನದ ವಿಧಿಗಳ ಜ್ಞಾನದಷ್ಟೇ ಸಾಕ್ಷ್ಯದ ಶಿಸ್ತೂ ಇರಬೇಕು.

ಎರಡನೆಯದಾಗಿ, ಯಾವ ಬಾಗಿಲನ್ನು ತಟ್ಟಬೇಕೆಂಬುದು ಅವರಿಗೆ ತಿಳಿದಿರಬೇಕು. ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರದ ವಿರುದ್ಧ ನಮಗಿರುವ ರಕ್ಷಣೆಗಳು. ಸರ್ಕಾರಿ ಅಧಿಕಾರಿಯ ಅನ್ಯಾಯಕ್ಕೆ 226ನೆಯ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಬಹುದು. ಖಾಸಗಿ ಟ್ರಸ್ಟು ಅಥವಾ ಪಂಚರ ವಿರುದ್ಧ ಅದೇ ಅರ್ಜಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಲ್ಲಿ ಸಿವಿಲ್ ದಾವೆಯೋ, ಬಹಿಷ್ಕಾರದ ಕಾಯ್ದೆಯೋ, ಅಸ್ಪೃಶ್ಯತೆಯ ಆಚರಣೆಯಾದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೋ ಬೇಕಾಗುತ್ತದೆ. ತಪ್ಪು ಬಾಗಿಲನ್ನು ತಟ್ಟಿದವರು ಎರಡು ವರ್ಷ ಕಾದ ಮೇಲೆ ಬೇರೆ ಬಾಗಿಲಿಗೆ ಹೋಗಿರೆಂಬ ಆದೇಶವನ್ನು ಪಡೆದು ಮರಳುತ್ತಾರೆ.

ಅಂತಹವರನ್ನು ಹುಡುಕುವುದು ಹೇಗೆ? ಭಾರತದಲ್ಲಿ ವಕೀಲರು ಜಾಹೀರಾತು ನೀಡುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಆದ್ದರಿಂದ ತಾವೇ ಶ್ರೇಷ್ಠರೆಂದು ಸಾರಿಕೊಳ್ಳುವವರನ್ನೂ, ನ್ಯಾಯಾಲಯದ ಬಾಗಿಲಲ್ಲಿ ಕೈಹಿಡಿದೆಳೆಯುವ ದಲ್ಲಾಳಿಗಳನ್ನೂ ದೂರವಿಡಿರಿ. ನನ್ನ ವೃತ್ತಿಯ ಪದ್ಧತಿಯಂತೆ ದಾಖಲೆಯಿಂದ ಆರಂಭಿಸಿರಿ. ಹೈಕೋರ್ಟುಗಳ ತೀರ್ಪುಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ನಿಮ್ಮ ಪ್ರಕರಣವನ್ನು ಹೋಲುವ ನಾಲ್ಕೈದು ತೀರ್ಪುಗಳನ್ನು ಓದಿರಿ. ಪ್ರತಿಯೊಂದರ ತಲೆಯಲ್ಲಿ ವಾದಿಸಿದ ವಕೀಲರ ಹೆಸರಿರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಮೊಕದ್ದಮೆಗಳನ್ನು ಹುಡುಕುವ ಸೌಲಭ್ಯವಿದೆ. ಯಾರು ಇಂತಹ ವ್ಯಾಜ್ಯಗಳನ್ನು ಪದೇಪದೇ ನಡೆಸಿದ್ದಾರೆಂಬುದು ಅಲ್ಲಿ ಕಾಣುತ್ತದೆ. ಅವರು ಯಾರ ಪರ ನಿಂತಿದ್ದರೆಂಬುದನ್ನೂ ಗುರುತಿಸಿಕೊಳ್ಳಿರಿ. ಹಿಂದೆ ಇಂತಹ ಕಷ್ಟವನ್ನು ದಾಟಿಬಂದ ಕುಟುಂಬಗಳನ್ನು ವಿಚಾರಿಸಿರಿ.

ಮೊದಲ ಭೇಟಿಗೆ ಹೋಗುವಾಗ ಒಂದೇ ಪುಟದಲ್ಲಿ ದಿನಾಂಕಗಳ ಪಟ್ಟಿಯನ್ನು ಬರೆದೊಯ್ಯಿರಿ. ಯಾವ ದಿನ ಏನಾಯಿತು, ಯಾರು ಕಂಡರು, ಯಾವ ಕಾಗದವಿದೆ ಎಂಬುದಷ್ಟೇ ಸಾಕು. ಮೂಲಪತ್ರಗಳನ್ನು ಮನೆಯಲ್ಲಿಟ್ಟು ಪ್ರತಿಗಳನ್ನು ಕೊಡಿರಿ. ಇಂದಿನ ಬಹಿಷ್ಕಾರಗಳು ಹೆಚ್ಚಾಗಿ ವಾಟ್ಸಾಪ್ ಗುಂಪುಗಳಲ್ಲಿ ಘೋಷಿತವಾಗುತ್ತವೆ. ಕೋಪದಲ್ಲಿ ಆ ಸಂದೇಶಗಳನ್ನು ಅಳಿಸಬೇಡಿರಿ, ಫೋನನ್ನೂ ಮಾರಬೇಡಿರಿ. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯ ಸ್ವೀಕರಿಸಲು ಕಾನೂನು ಸೂಚಿಸಿದ ಪ್ರಮಾಣಪತ್ರ ಬೇಕು. ಅದನ್ನು ಮೊದಲೇ ಕೇಳುವ ವಕೀಲರು ಕೆಲಸ ಬಲ್ಲವರು.

ವಕೀಲರ ಮುಂದೆ ಏನನ್ನೂ ಮುಚ್ಚಿಡಬೇಡಿರಿ. ಕಕ್ಷಿದಾರರು ವಕೀಲರಿಗೆ ವೃತ್ತಿಸಂಬಂಧವಾಗಿ ಹೇಳಿದ್ದು ಗೋಪ್ಯವೆಂದು ಸಾಕ್ಷ್ಯ ಕಾನೂನು ರಕ್ಷಿಸುತ್ತದೆ. ಲೆಕ್ಕಪರಿಶೋಧಕನಾದ ನನಗೆ ಹೇಳಿದ ಮಾತಿಗೆ ಆ ಕಾನೂನಿನಲ್ಲಿ ಅಂತಹ ರಕ್ಷಣೆಯಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ತಿಳಿಸುತ್ತೇನೆ.

ಆ ಭೇಟಿಯಲ್ಲಿ ಐದು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ತಾವು ಇಂತಹ ಎಷ್ಟು ಮೊಕದ್ದಮೆಗಳನ್ನು ನಡೆಸಿದ್ದೀರಿ, ಅವುಗಳ ಗತಿ ಏನಾಯಿತು? ಎದುರು ಪಕ್ಷದವರಲ್ಲಿ ಯಾರಾದರೂ ತಮ್ಮ ಕಕ್ಷಿದಾರರೇ? ನನ್ನ ಪ್ರಕರಣದ ದೌರ್ಬಲ್ಯ ಯಾವುದು? ಕಾಲಮಿತಿ ಎಂದಿಗೆ ಮುಗಿಯುತ್ತದೆ? ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸುವವರು ತಾವೋ, ತಮ್ಮ ಕಿರಿಯರೋ? ಎರಡನೆಯ ಪ್ರಶ್ನೆಯನ್ನು ಅಂದು ನಾನು ಕೇಳಿದ್ದರೆ ಆ ಹಿರಿಯರ ಮೂರು ವರ್ಷ ಉಳಿಯುತ್ತಿತ್ತು. ಗೆದ್ದೇ ಗೆಲ್ಲುತ್ತೇವೆಂದು ಭರವಸೆ ಕೊಡುವವರಿಗೆ ನಮಸ್ಕರಿಸಿ ಹೊರಬನ್ನಿರಿ. ದೌರ್ಬಲ್ಯವನ್ನು ಬಿಡಿಸಿ ಹೇಳುವವರ ಮುಂದೆ ಇನ್ನಷ್ಟು ಹೊತ್ತು ಕುಳಿತುಕೊಳ್ಳಿರಿ.

ಪದವಿಗಳ ಗೊಂದಲವೂ ಉಂಟು. 'ಹಿರಿಯ ವಕೀಲ' ಎಂಬುದು 1961ರ ವಕೀಲರ ಕಾಯ್ದೆಯಂತೆ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ನೀಡುವ ಮಾನ್ಯತೆ. ಅವರು ತಾವೇ ವಕಾಲತ್ತು ಸಲ್ಲಿಸುವಂತಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ಬರಬೇಕು. ಕೆಳಗಿನ ನ್ಯಾಯಾಲಯದಲ್ಲಿ ಸಾಕ್ಷಿಗಳ ವಿಚಾರಣೆ ನಡೆಯಬೇಕಾದ ಪ್ರಕರಣದಲ್ಲಿ, ಪ್ರತಿ ತಾರೀಖಿಗೂ ಹಾಜರಾಗುವ ಶ್ರದ್ಧಾವಂತ ವಕೀಲರು ದೊಡ್ಡ ಹೆಸರಿಗಿಂತ ಹೆಚ್ಚು ಉಪಯುಕ್ತರು.

ಇನ್ನು ಶುಲ್ಕ, ಅಂದರೆ ನನ್ನ ಕ್ಷೇತ್ರ. ನೋಟೀಸು, ಅರ್ಜಿ, ಮಧ್ಯಂತರ ಆದೇಶ, ಸಾಕ್ಷ್ಯ, ಅಂತಿಮ ವಾದ ಹೀಗೆ ಹಂತಹಂತವಾಗಿ ಎಷ್ಟೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನ್ಯಾಯಾಲಯದ ಶುಲ್ಕ, ಬೆರಳಚ್ಚು, ಪ್ರಯಾಣದ ವೆಚ್ಚಗಳು ಬೇರೆಯೋ ಸೇರಿವೆಯೋ ಕೇಳಿರಿ. ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. ಗೆದ್ದರೆ ಪರಿಹಾರದಲ್ಲಿ ಇಷ್ಟು ಪಾಲು ಎಂಬ ಒಪ್ಪಂದ ನಮ್ಮ ದೇಶದಲ್ಲಿ ವಕೀಲರಿಗೆ ನಿಷಿದ್ಧ. ವಕಾಲತ್ತಿಗೆ ಸಹಿ ಹಾಕುವ ಮೊದಲು ಅದನ್ನು ಓದಿರಿ. ರಾಜಿ ಮಾಡಿಕೊಳ್ಳುವ, ಹಣ ಸ್ವೀಕರಿಸುವ ಅಧಿಕಾರಗಳನ್ನು ಅದರಲ್ಲಿ ಬರೆದಿರುವುದುಂಟು. ತೃಪ್ತಿಯಿಲ್ಲದಿದ್ದರೆ ವಕೀಲರನ್ನು ಬದಲಿಸುವ ಹಕ್ಕು ನಿಮಗಿದೆ. ಶುಲ್ಕ ಬಾಕಿಯಿದೆಯೆಂದು ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟು 2000ರಲ್ಲಿಯೇ ಹೇಳಿದೆ. ವಕೀಲರ ಸೇವೆಯ ಕೊರತೆಗೆ ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲವೆಂದು ಅದೇ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ದುರ್ನಡತೆಯಿದ್ದರೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದ್ದರಿಂದ ಎಚ್ಚರಿಕೆಯನ್ನು ನೇಮಕದ ಮೊದಲೇ ವಹಿಸಬೇಕು.

ಹಣವಿಲ್ಲದವರಿಗೂ ಮಾರ್ಗವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಉಚಿತ ಕಾನೂನು ಸೇವೆಗೆ ಅರ್ಹರು. ಮಹಿಳೆಯರಿಗೆ ಆದಾಯದ ಮಿತಿಯೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬಹುದು, 15100 ಸಂಖ್ಯೆಗೆ ಕರೆ ಮಾಡಬಹುದು. ಅಣ್ಣತಮ್ಮಂದಿರ ಕೃಪೆಯಿಲ್ಲದೆ ವಕೀಲರ ಬಳಿ ಹೋಗಲಾರೆನೆಂದು ತಿಳಿದಿರುವ ನಮ್ಮ ತಾಯಂದಿರಿಗೆ, ಅಕ್ಕತಂಗಿಯರಿಗೆ ಈ ಮಾತನ್ನು ದಯವಿಟ್ಟು ಮುಟ್ಟಿಸಿರಿ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಕ್ಷಮೆಯನ್ನು ಪರಮಧರ್ಮವೆಂದು ಪೂಜಿಸುವ ನಾವು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಸರಿಯೇ? ದಶಲಕ್ಷಣಗಳಲ್ಲಿ ಉತ್ತಮ ಕ್ಷಮೆಯೊಂದಿಗೆ ಉತ್ತಮ ಸತ್ಯವೂ ಇದೆ. ಮನಸ್ಸಿನಲ್ಲಿ ವೈರವಿಲ್ಲದೆ ಹಕ್ಕನ್ನು ಕೇಳಬಹುದು. ಬಹಿಷ್ಕಾರ ಹಾಕಿದವರು ಕ್ಷಮೆ ಕೇಳದೆ ಇರುವಾಗ, ನೊಂದವರಿಗೆ ಮಾತ್ರ ಕ್ಷಮೆಯನ್ನು ಬೋಧಿಸುವುದು ಅನ್ಯಾಯಕ್ಕೆ ನೀಡುವ ಸಹಾಯವಾಗುತ್ತದೆ.

ನಾವೇ ಎದುರು ಪಕ್ಷವಾಗುವ ಸಂದರ್ಭಗಳೂ ಇವೆ. ಆಹಾರದ ಕಾರಣ ಮುಂದೊಡ್ಡಿ ಅನ್ಯರಿಗೆ ಮನೆ ನಿರಾಕರಿಸುವ ಕಟ್ಟಡಗಳಲ್ಲಿ ನಮ್ಮವರು ಅನೇಕರು ವಾಸಿಸುತ್ತಿದ್ದಾರೆ. ಸಹಕಾರ ಗೃಹನಿರ್ಮಾಣ ಸಂಘವು ಸದಸ್ಯತ್ವವನ್ನು ಒಂದು ಸಮುದಾಯಕ್ಕೆ ಸೀಮಿತಗೊಳಿಸಬಹುದೆಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿದ್ದುಂಟು. ಕಾನೂನು ಒಪ್ಪಿದ್ದೆಲ್ಲ ಧರ್ಮವಾಗದು. ನಾಳೆ ನೊಂದವರೊಬ್ಬರ ವಕೀಲರಿಂದ ನಮಗೆ ನೋಟೀಸು ಬಂದರೆ, ಅದನ್ನು ಸಮಾಜದ ಮೇಲಿನ ದಾಳಿಯೆಂದು ಕೂಗದೆ, ಮೊದಲು ಓದುವ ಸೌಜನ್ಯ ನಮಗಿರಲಿ.

ಕೊನೆಯದಾಗಿ ಒಂದು ಸಲಹೆ. ಅಭಿಷೇಕದ ಸವಾಲಿನಲ್ಲಿ ನಾವು ಉದಾರವಾಗಿ ಹಣ ಕೂಗುತ್ತೇವೆ. ಅದರ ಜೊತೆಗೆ ಸ್ವಇಚ್ಛೆಯವರು ಸೇರಿ ಒಂದು ಸಣ್ಣ ಕಾನೂನು ನೆರವಿನ ನಿಧಿಯನ್ನು ಆರಂಭಿಸೋಣ. ಬಸದಿಯ ಟ್ರಸ್ಟಿನ ಹಣವನ್ನು ಅದರ ಉದ್ದೇಶದ ಹೊರಗೆ ಬಳಸಬಾರದು, ಆದ್ದರಿಂದ ಇದರ ಲೆಕ್ಕ ಪ್ರತ್ಯೇಕವಾಗಿರಲಿ. ನೆರವು ಯಾರಿಗೆಂಬುದನ್ನು ನಿರ್ಣಯಿಸುವ ಸಮಿತಿಯಲ್ಲಿ ಪಂಚರಾಗಲಿ ಟ್ರಸ್ಟಿಗಳಾಗಲಿ ಇರದಿರಲಿ. ಹಕ್ಕಿನ ಮೊಕದ್ದಮೆಗಳಲ್ಲಿ ಅನುಭವವುಳ್ಳ, ನಮ್ಮ ಯಾವ ಸಂಸ್ಥೆಗೂ ಸಲಹೆಗಾರರಲ್ಲದ ವಕೀಲರ ಪಟ್ಟಿಯೊಂದನ್ನು ಆ ಸಮಿತಿ ಸಿದ್ಧಪಡಿಸಿಟ್ಟುಕೊಳ್ಳಲಿ. ಲೆಕ್ಕಪರಿಶೋಧನೆಯನ್ನು ನಾನು ಶುಲ್ಕವಿಲ್ಲದೆ ಮಾಡಿಕೊಡುತ್ತೇನೆ. ಇನ್ನೊಬ್ಬರು ನೊಂದು ನನ್ನ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ, ಅವರ ಕೈಗೆ ಆ ಪಟ್ಟಿಯನ್ನು ಕೊಡುವ ಯೋಗ್ಯತೆ ನನಗಿರಬೇಕು.

ಆ ಹಿರಿಯರಲ್ಲಿ ನಾನು ಕ್ಷಮೆ ಕೇಳಿದ್ದೇನೆ. ಕ್ಷಮಾವಣಿಯ ಈ ದಿನಗಳಲ್ಲಿ ಸಮಾಜವೂ ಅವರ ಮನೆಗೆ ಹೋಗಿ ಕೇಳಲಿ ಎಂದು ಪ್ರಾರ್ಥಿಸಿ, ನನ್ನ ಮಾತಿಗೆ ವಿರಾಮ ನೀಡುತ್ತೇನೆ. ಜೈ ಜಿನೇಂದ್ರ.