ಹಾಕದ ಅರ್ಜಿಗೆ ಉತ್ತರ ಬರುವುದಿಲ್ಲ

(ಸಂಘದ ವತಿಯಿಂದ ನಡೆದ ಪದವೀಧರರ ಅಭಿನಂದನಾ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)





ನಿಮ್ಮಲ್ಲಿ ಅನೇಕರು ನಿಮ್ಮ ಮನೆಯ ಮೊದಲ ಪದವೀಧರರು. ನಿಮಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಆದರೆ ನಾಳೆ ಬೆಳಗ್ಗೆ ಮಸೀದಿಯಿಂದ ಹೊರಬರುವಾಗ, ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಾಗ, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮುಂದೇನು?" ಆ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಒಂದೇ ಒಂದು ವಿಷಯವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 1981ರಲ್ಲಿ ನಾನು ಬಿ.ಕಾಂ. ಮುಗಿಸಿದೆ. ಬ್ಯಾಂಕಿನ ಗುಮಾಸ್ತ ಹುದ್ದೆಗೆ ಅರ್ಜಿ ಕರೆದಿದ್ದರು. ಅರ್ಜಿ ತುಂಬಿಸಿ, ಪೋಸ್ಟಲ್ ಆರ್ಡರ್ ಕೂಡ ತೆಗೆದಿಟ್ಟಿದ್ದೆ. ಅಷ್ಟರಲ್ಲಿ ಮನೆಗೆ ಬಂದ ಹಿರಿಯ ಬಂಧುವೊಬ್ಬರು, "ಅಲ್ಲಿ ನಮ್ಮವರಿಗೆ ಯಾರು ಕೆಲಸ ಕೊಡುತ್ತಾರೆ? ಸುಮ್ಮನೆ ದುಡ್ಡು ದಂಡ" ಎಂದರು. ಲಕೋಟೆ ಪುಸ್ತಕದೊಳಗೇ ಉಳಿಯಿತು. ನನಗಿಂತ ಕಡಿಮೆ ಅಂಕ ಪಡೆದಿದ್ದ ಸಹಪಾಠಿ ಅರ್ಜಿ ಹಾಕಿದ, ಪರೀಕ್ಷೆ ಬರೆದ, ಆಯ್ಕೆಯಾದ. ಮರುವರ್ಷ ನಾನೂ ಬರೆದೆ, ನಾನೂ ಆಯ್ಕೆಯಾದೆ. ಆದರೆ ಕಳೆದುಕೊಂಡ ಆ ಒಂದು ವರ್ಷದ ಸೀನಿಯಾರಿಟಿ ನಿವೃತ್ತಿಯಾಗುವವರೆಗೂ ನನ್ನ ಬೆನ್ನು ಬಿಡಲಿಲ್ಲ. ನನ್ನನ್ನು ಬೇಡವೆಂದದ್ದು ಬ್ಯಾಂಕ್ ಅಲ್ಲ. ನಾನೇ ನನ್ನನ್ನು ಬೇಡವೆಂದಿದ್ದೆ.

ಇದು ನನ್ನೊಬ್ಬನ ಕಥೆಯಲ್ಲ. ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂತು. 2001ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 13.4. ಆದರೆ ಐ.ಎ.ಎಸ್.ನಲ್ಲಿ ಶೇ. 3, ಐ.ಪಿ.ಎಸ್.ನಲ್ಲಿ ಶೇ. 4 ಮಾತ್ರ. ಈ ಅಂಕಿಗಳನ್ನು ನಾವು ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಅದೇ ವರದಿಯ ಇನ್ನೊಂದು ಮಾತನ್ನು ಮಾತ್ರ ಹೇಳುವುದಿಲ್ಲ. 2003 ಮತ್ತು 2004ರಲ್ಲಿ ಸಿವಿಲ್ ಸರ್ವಿಸ್ ಮುಖ್ಯ ಪರೀಕ್ಷೆ ಬರೆದವರಲ್ಲಿ ನಮ್ಮವರು ಶೇ. 5ಕ್ಕಿಂತಲೂ ಕಡಿಮೆ. ಆದರೆ ಬರೆದವರಲ್ಲಿ ತೇರ್ಗಡೆಯಾದವರ ಪ್ರಮಾಣ ಉಳಿದವರಷ್ಟೇ ಇತ್ತು. ತಾರತಮ್ಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರ ವಿರುದ್ಧ ಹೋರಾಡುವವರು ಹೋರಾಡಲಿ. ಆದರೆ ಪರೀಕ್ಷಾ ಕೊಠಡಿಗೇ ಹೋಗದವನಿಗೆ ಅನ್ಯಾಯವಾಯಿತೆಂದು ದೂರುವ ಹಕ್ಕಾದರೂ ಎಲ್ಲಿದೆ?

ಕೆಲವರಿಗೆ ಕೆಲಸ ಕೇಳುವುದೆಂದರೆ ಸಂಕೋಚ. ಪ್ರವಾದಿ ಯೂಸುಫ್ (ಅ)ರ ಚರಿತ್ರೆಯನ್ನು ನೀವು ಮದರಸದಲ್ಲಿಯೇ ಓದಿದ್ದೀರಿ. ಈಜಿಪ್ಟಿನ ಅರಸನೊಡನೆ ಅವರು ಉಗ್ರಾಣದ ಹೊಣೆಯನ್ನು ತಾವಾಗಿಯೇ ಕೇಳಿದರು. ಕೇಳುವಾಗ ತಮ್ಮ ಎರಡು ಅರ್ಹತೆಗಳನ್ನೂ ಹೇಳಿದರು: ಕಾಪಾಡುವ ಪ್ರಾಮಾಣಿಕತೆ, ಕೆಲಸದ ಜ್ಞಾನ. ನಿಮ್ಮ ಬಯೋಡೇಟಾ ಹೇಳಬೇಕಾದದ್ದೂ ಇವೆರಡನ್ನೇ. ಬರುವ ಏಳು ಬರಗಾಲದ ವರ್ಷಗಳಿಗಾಗಿ ಏಳು ಸುಭಿಕ್ಷದ ವರ್ಷಗಳಲ್ಲಿ ಧಾನ್ಯ ಕೂಡಿಡುವ ಯೋಜನೆಯೂ ಅವರದೇ. ಯೋಜನೆ ಹಾಕುವುದು ತವಕ್ಕುಲ್‌ಗೆ ವಿರುದ್ಧವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲನೆಯದು ಕಾಗದಪತ್ರ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ 'ಮೊಹಮ್ಮದ್', ಆಧಾರ್‌ನಲ್ಲಿ 'ಮುಹಮ್ಮದ್', ಪಾಸ್‌ಪೋರ್ಟಿನಲ್ಲಿ ಬರೀ 'ಎಂ.ಡಿ.'. ತಂದೆಯ ಹೆಸರು ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ದಾಖಲೆ ಪರಿಶೀಲನೆಯ ದಿನ ಮೇಜಿನ ಆಚೆ ಕುಳಿತ ಅಧಿಕಾರಿಗೆ ಇವು ಮೂರು ಬೇರೆ ಬೇರೆ ಮನುಷ್ಯರ ಹೆಸರುಗಳಂತೆ ಕಾಣುತ್ತವೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು, ಉಳಿದ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಅದಕ್ಕೆ ಹೊಂದಿಸಿ. ಕೆಲಸಕ್ಕೆ ಕರೆ ಬಂದ ಮೇಲೆ ಅಲ್ಲ, ಈ ತಿಂಗಳೇ ಮಾಡಿ.

ರಾಜ್ಯ ಸರಕಾರದ ನೇಮಕಾತಿಯಲ್ಲಿ ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗೆ ಶೇ. 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕುವ ಆದೇಶ ಹೊರಬಿತ್ತು. ವಿಷಯ ಸುಪ್ರೀಂ ಕೋರ್ಟಿನ ಮುಂದೆ ಹೋದ ಕಾರಣ ಆ ಆದೇಶ ಜಾರಿಗೆ ಬರಲಿಲ್ಲ. ಇದರ ಲಾಭ ಪಡೆಯಲು ತಹಶೀಲ್ದಾರರು ನೀಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಅದರ ಅವಧಿ ಐದು ವರ್ಷ. 1ರಿಂದ 10ನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಮೀಸಲಾತಿ ಕೂಡ ಇದೆ. ಅವುಗಳ ಪ್ರಮಾಣಪತ್ರ ಶಾಲೆಯಿಂದ ಬರಬೇಕು. ನೆನಪಿಡಿ, ಇವೆಲ್ಲವೂ ಅರ್ಜಿಯ ಕೊನೆಯ ದಿನಾಂಕಕ್ಕೆ ಮುಂಚೆ ಪಡೆದದ್ದಾಗಿರಬೇಕು. ನನಗೆ ಗೊತ್ತಿರುವ ಒಬ್ಬ ಯುವಕ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ. ಪ್ರಮಾಣಪತ್ರದ ಮೇಲಿನ ದಿನಾಂಕ ಒಂಬತ್ತು ದಿನ ತಡವಾಗಿತ್ತು. ಮೀಸಲಾತಿ ಕೈತಪ್ಪಿತು, ಹುದ್ದೆಯೂ ಹೋಯಿತು. ಕೇಂದ್ರ ಸರಕಾರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ಅದರ ನಮೂನೆಯೂ ಬೇರೆ. ನಿಮ್ಮ ಪಂಗಡ ಅದರಲ್ಲಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಎರಡನೆಯದು ವಯಸ್ಸು. ಬ್ಯಾಂಕ್ ಗುಮಾಸ್ತ ದರ್ಜೆಯ ಐ.ಬಿ.ಪಿ.ಎಸ್. ಪರೀಕ್ಷೆಗೆ ವಯೋಮಿತಿ 20ರಿಂದ 28 ವರ್ಷ. ಕೇಂದ್ರದ ಪಟ್ಟಿಯಲ್ಲಿರುವ ಹಿಂದುಳಿದ ವರ್ಗದವರಿಗೆ ಮೂರು ವರ್ಷ ಸಡಿಲಿಕೆ. 22ನೇ ವಯಸ್ಸಿನಲ್ಲಿ ಪದವಿ ಮುಗಿಸಿ, "ಮೊದಲು ನಾಲ್ಕು ಕಾಸು ಸಂಪಾದಿಸೋಣ" ಎಂದು ಯಾವುದೋ ಅಂಗಡಿಗೆ ಸೇರಿ, 30ರಲ್ಲಿ ಎಚ್ಚೆತ್ತರೆ ಅನೇಕ ಬಾಗಿಲುಗಳು ಮುಚ್ಚಿರುತ್ತವೆ. ಆದುದರಿಂದ ಮೊದಲ ಎರಡು ವರ್ಷಗಳನ್ನು ನಿಮಗಾಗಿ ಮೀಸಲಿಡಿ. ಮನೆಯಲ್ಲಿ ಕಷ್ಟವಿದ್ದರೆ ಕೆಲಸ ಮಾಡುತ್ತಲೇ ಓದಿ. ಸುಬ್ಹ್ ನಮಾಝಿನ ನಂತರದ ಎರಡು ಗಂಟೆ ಯಾರ ಅಪ್ಪಣೆಯೂ ಬೇಡದ ಸಮಯ. ಒಂದು ನೋಟ್ ಪುಸ್ತಕ ಇಟ್ಟು, ಯಾವ ಪರೀಕ್ಷೆ, ಕೊನೆಯ ದಿನಾಂಕ ಯಾವುದು, ಫಲಿತಾಂಶ ಏನಾಯಿತು ಎಂದು ಬರೆಯುತ್ತಾ ಹೋಗಿ. ಒಂದರಲ್ಲಿ ಸೋತರೆ ಎಲ್ಲಿ ಅಂಕ ಹೋಯಿತೆಂದು ಅದೇ ಪುಟದಲ್ಲಿ ಬರೆಯಿರಿ. ರಾಜ್ಯದ ಅಲ್ಪಸಂಖ್ಯಾತರ ಇಲಾಖೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ನೀಡುತ್ತದೆ. ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿ.

ಮೂರನೆಯದು ಭಾಷೆ. ನಮ್ಮ ಮನೆಮಾತು ಬ್ಯಾರಿ ಇರಲಿ, ಉರ್ದು ಇರಲಿ, ಈ ರಾಜ್ಯದಲ್ಲಿ ಅನ್ನ ಕೊಡುವ ಭಾಷೆ ಕನ್ನಡ. ಲೋಕಸೇವಾ ಆಯೋಗದ ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕಗಳದ್ದು, ಅದರಲ್ಲಿ 50 ಬರಲೇಬೇಕು. ಬ್ಯಾಂಕ್ ಗುಮಾಸ್ತ ಹುದ್ದೆಗೂ ರಾಜ್ಯದ ಭಾಷೆ ಬಲ್ಲವರಾಗಿರಬೇಕು. ದಿನಕ್ಕೊಂದು ಕನ್ನಡ ಪತ್ರಿಕೆಯ ಸಂಪಾದಕೀಯ ಓದಿ, ಅದರ ಸಾರವನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಇಂಗ್ಲಿಷನ್ನೂ ಹೀಗೆಯೇ ಕಲಿಯಬಹುದು.

ಖಾಸಗಿ ಕಂಪೆನಿಗಳ ಬಗ್ಗೆ ಒಂದು ಮಾತು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾನೂ ಸಂದರ್ಶನ ಮಂಡಳಿಗಳಲ್ಲಿ ಕುಳಿತಿದ್ದೇನೆ. "ಜಿ.ಎಸ್.ಟಿ. ಗೊತ್ತೇ?" ಎಂದರೆ "ಗೊತ್ತು ಸರ್" ಎನ್ನುವವರು ನೂರು ಮಂದಿ. "ನಮ್ಮ ಮಾವನ ಅಂಗಡಿಯ ಲೆಕ್ಕ ಒಂದು ವರ್ಷ ನಾನೇ ನೋಡಿದ್ದೇನೆ, ತಿಂಗಳ ರಿಟರ್ನ್ ನಾನೇ ತುಂಬಿಸಿದ್ದೇನೆ" ಎನ್ನುವವನು ಒಬ್ಬ. ಕೆಲಸ ಆ ಒಬ್ಬನಿಗೆ ಸಿಗುತ್ತದೆ. ಬಯೋಡೇಟಾದಲ್ಲಿ ನಿಮ್ಮ ಗುಣಗಾನ ಬೇಡ, ಮಾಡಿದ ಕೆಲಸ ಬರೆಯಿರಿ. ಸುಳ್ಳನ್ನಂತೂ ಬರೆಯಲೇಬೇಡಿ. ಎರಡನೆಯ ಪ್ರಶ್ನೆಗೇ ಅದು ಹೊರಬೀಳುತ್ತದೆ.

ಈಗ ಎಲ್ಲರ ಮನಸ್ಸಿನಲ್ಲಿರುವ ಗಲ್ಫ್. ನಮ್ಮ ಕರಾವಳಿಯ ಎಷ್ಟೋ ಮನೆಗಳ ಹೆಂಚು, ಎಷ್ಟೋ ಹೆಣ್ಣುಮಕ್ಕಳ ಮದುವೆ, ನಮ್ಮ ಅನೇಕ ಶಾಲೆಗಳ ಗೋಡೆಗಳು ಆ ಬೆವರಿನ ಫಲ. ಅದನ್ನು ಮರೆತರೆ ನಾವು ಕೃತಘ್ನರು. ಆದರೆ ನಿಮ್ಮ ತಂದೆ ಹೋದ ಗಲ್ಫ್ ಇಂದಿಲ್ಲ. ಸೌದಿಯಲ್ಲಿ 2011ರಲ್ಲಿ ನಿತಾಕಾತ್ ಬಂತು, 2016ರಲ್ಲಿ ಮೊಬೈಲ್ ಅಂಗಡಿಗಳ ಕೆಲಸ ಪೂರ್ತಿಯಾಗಿ ಅಲ್ಲಿನವರಿಗೇ ಮೀಸಲಾಯಿತು. ಯು.ಎ.ಇ.ಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪೆನಿಗಳು ನುರಿತ ಹುದ್ದೆಗಳಲ್ಲಿ ಸ್ವದೇಶಿಯರ ಪ್ರಮಾಣವನ್ನು ವರ್ಷಕ್ಕೆ ಶೇ. 2ರಂತೆ ಏರಿಸಬೇಕೆಂಬ ನಿಯಮ 2022ರಲ್ಲಿ ಬಂತು. ಹೋಗುವುದಾದರೆ ಪದವಿಗೆ ತಕ್ಕ ಕೆಲಸಕ್ಕೆ, ಕೈಯಲ್ಲಿ ಒಪ್ಪಂದಪತ್ರ ಹಿಡಿದು ಹೋಗಿ. ಪದವಿ ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ದೃಢೀಕರಣವನ್ನು, ಆ ದೇಶ ಕೇಳುವುದಾದರೆ ಅದರ ರಾಯಭಾರ ಕಚೇರಿಯ ದೃಢೀಕರಣವನ್ನೂ ಮೊದಲೇ ಮಾಡಿಸಿ. ಏಜೆಂಟ್ ನೋಂದಾಯಿತನೇ ಎಂದು ಇ-ಮೈಗ್ರೇಟ್‌ನಲ್ಲಿ ನೋಡಿ. ವಿಸಿಟ್ ವೀಸಾ ನೋಡಿ ಬರಲು ಇರುವುದು, ದುಡಿಯಲು ಅಲ್ಲ.

ಹೆತ್ತವರಲ್ಲಿ ಒಂದು ವಿನಂತಿ. ಇಂದು ಬಹುಮಾನ ಪಡೆದವರಲ್ಲಿ ಹುಡುಗಿಯರೇ ಹೆಚ್ಚು ಎಂಬುದನ್ನು ನೀವೇ ನೋಡಿದಿರಿ. ಮಗಳ ಪದವಿ ಪ್ರಮಾಣಪತ್ರವನ್ನು ಮದುವೆಯ ಸೀರೆಗಳ ಜೊತೆ ಕಪಾಟಿನಲ್ಲಿಡಬೇಡಿ. ಬಿ.ಎಡ್. ಮತ್ತು ಟಿ.ಇ.ಟಿ. ಪಾಸಾದ ಒಬ್ಬ ಶಿಕ್ಷಕಿ ಒಂದು ಊರಿನ ಹತ್ತು ವರ್ಷದ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಬಲ್ಲಳು. ಅವಳು ಪರೀಕ್ಷೆಗೆ ಹೋಗುವ ದಿನ ಜೊತೆಗೆ ಹೋಗಿ ಬನ್ನಿ, ಅಷ್ಟು ಸಾಕು.

ಕೊನೆಯದಾಗಿ ಸಂಘದ ಸದಸ್ಯರಿಗೆ. ನಾವು ಶಾಲು ಹೊದಿಸುತ್ತೇವೆ, ಫೋಟೋ ತೆಗೆಸುತ್ತೇವೆ, ಮನೆಗೆ ಹೋಗುತ್ತೇವೆ. ಈ ವರ್ಷ ಉದ್ಯೋಗದಲ್ಲಿರುವ ಅಥವಾ ನಿವೃತ್ತರಾದ ಪ್ರತಿಯೊಬ್ಬ ಸದಸ್ಯನೂ ಒಬ್ಬ ಪದವೀಧರನ ಹೊಣೆ ಹೊರಲಿ. ಹಣ ಬೇಡ. ಅವನ ದಾಖಲೆಗಳನ್ನು ಒಮ್ಮೆ ನೋಡಿ, ಅರ್ಜಿ ತುಂಬುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. 1981ರಲ್ಲಿ ನನ್ನ ಪಕ್ಕದಲ್ಲಿ ಅಂಥ ಒಬ್ಬರು ಇದ್ದಿದ್ದರೆ ಆ ಲಕೋಟೆ ಅಂಚೆಡಬ್ಬಿ ಸೇರುತ್ತಿತ್ತು. ನಾನಂತೂ ಇಂದು ಇಬ್ಬರ ಹೆಸರು ಬರೆದುಕೊಂಡೇ ಈ ವೇದಿಕೆಯಿಂದ ಇಳಿಯುತ್ತೇನೆ.

ಮಕ್ಕಳೇ, ರಿಝ್ಕ್ ಕೊಡುವವನು ಅಲ್ಲಾಹನು. ಬಾಗಿಲು ತಟ್ಟುವ ಕೆಲಸ ನಮ್ಮದು. ಈ ವಾರ ಒಂದು ಅರ್ಜಿ ಹಾಕಿ. ಸರ್ವಶಕ್ತನು ನಿಮ್ಮ ಪರಿಶ್ರಮದಲ್ಲಿ ಬರಕತ್ ನೀಡಲಿ. ಆಮೀನ್.