ಮೇಜಿನಿಂದ ಜೇಬಿಗೆ, ಜೇಬಿನಿಂದ ಜೆರಾಕ್ಸ್ ಅಂಗಡಿಗೆ

ಒಂದು ದಿನದ ಸಂಬಳ ಬಿಟ್ಟು ಮಕ್ಕಳ ಪದವಿ ನೋಡಲು ಬಂದಿರುವ ತಂದೆತಾಯಿಗಳೆ, ಬಾಡಿಗೆಯ ಕಪ್ಪು ಗೌನಿನೊಳಗೆ ಬೆವರುತ್ತಿರುವ ಪದವೀಧರರೆ,

ನಮ್ಮ ಕೆ.ಜಿ.ಎಫ್.ನ (ಕೋಲಾರ ಗೋಲ್ಡ್ ಫೀಲ್ಡ್ಸ್) ಆಂಡರ್ಸನ್‌ಪೇಟೆಯ ಯಾವುದಾದರೂ ಜೆರಾಕ್ಸ್ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಇಪ್ಪತ್ತೈದು ವರ್ಷಗಳ ಕಂಪ್ಯೂಟರ್ ಚರಿತ್ರೆ ಕಣ್ಣೆದುರೇ ನಡೆಯುತ್ತದೆ. ಒಳಗೆ ಒಂದು ಹಳೆಯ ಡೆಸ್ಕ್‌ಟಾಪ್. ಅದರ ಕೀಲಿಮಣೆಯ ಅರ್ಧ ಅಕ್ಷರಗಳು ಸವೆದುಹೋಗಿವೆ. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಒಂದು ವಾಟ್ಸ್‌ಆಪ್ ನಂಬರು. ಗಿರಾಕಿ ತನ್ನ ಫೋನಿನಿಂದ ಆಧಾರ್ ಕಾರ್ಡಿನ ಪಿಡಿಎಫ್ ಅನ್ನು ಆ ನಂಬರಿಗೆ ಕಳಿಸುತ್ತಾನೆ, ಅಂಗಡಿಯ ಹುಡುಗ ಡೆಸ್ಕ್‌ಟಾಪಿನಲ್ಲಿ ತೆರೆದು ಪ್ರಿಂಟ್ ಕೊಡುತ್ತಾನೆ. ಪಕ್ಕದಲ್ಲಿ ಒಬ್ಬ ಅಜ್ಜಿ. ಅವರ ಪಿಂಚಣಿಯ ಅರ್ಜಿ ಪರದೆಯ ಮೇಲೆ ಕನ್ನಡದಲ್ಲಿ ತೆರೆದಿದೆ. "ಓಟಿಪಿ ಬಂತಾ?" ಎಂದು ಹುಡುಗ ಕೇಳುತ್ತಾನೆ. ಟವರ್ ಇಲ್ಲ. ಅಜ್ಜಿ ರಸ್ತೆಗೆ ಇಳಿದು ಫೋನನ್ನು ಮೇಲೆತ್ತಿ ನಿಲ್ಲುತ್ತಾರೆ. ಓಟಿಪಿ ಬರುತ್ತದೆ. ಅಜ್ಜಿ ತಮಿಳಿನಲ್ಲಿ ಅಂಕಿ ಹೇಳುತ್ತಾರೆ, ಹುಡುಗ ಇಂಗ್ಲಿಷಿನಲ್ಲಿ ಒತ್ತುತ್ತಾನೆ, ಕನ್ನಡದ ಅರ್ಜಿ ಸಲ್ಲಿಕೆಯಾಗುತ್ತದೆ.

ಮೊಬೈಲು ಬಂದು ಕಂಪ್ಯೂಟರನ್ನು ಓಡಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅಂಕಿಗಳೂ ಹಾಗೇ ಹೇಳುತ್ತವೆ. 2010ರ ಕೊನೆಯ ಮೂರು ತಿಂಗಳಲ್ಲಿ ಜಗತ್ತಿನಲ್ಲಿ ಹತ್ತು ಕೋಟಿ ಸ್ಮಾರ್ಟ್‌ಫೋನುಗಳು ಕಾರ್ಖಾನೆಯಿಂದ ಹೊರಬಿದ್ದವು, ಪರ್ಸನಲ್ ಕಂಪ್ಯೂಟರುಗಳು ಒಂಬತ್ತು ಕೋಟಿ ಚಿಲ್ಲರೆ. ಸ್ಮಾರ್ಟ್‌ಫೋನು ಮುಂದೆ ಹೋದದ್ದು ಅದೇ ಮೊದಲು. ಸ್ಟಾಟ್‌ಕೌಂಟರ್ ಸಂಸ್ಥೆಯ ಲೆಕ್ಕದಂತೆ 2016ರ ಅಕ್ಟೋಬರಿನಲ್ಲಿ ಜಗತ್ತಿನ ಅಂತರ್ಜಾಲ ಬಳಕೆಯಲ್ಲಿ ಮೊಬೈಲು ಮತ್ತು ಟ್ಯಾಬ್ಲೆಟ್‌ಗಳ ಪಾಲು ಡೆಸ್ಕ್‌ಟಾಪಿನ ಪಾಲನ್ನು ದಾಟಿತು. ಭಾರತ ಈ ಗೆರೆಯನ್ನು ದಾಟಿದ್ದು ಅದಕ್ಕೂ ನಾಲ್ಕು ವರ್ಷ ಮೊದಲು, 2012ರಲ್ಲಿ.

ಇದನ್ನು ಕೇಳಿ ಭಾರತ ಜಗತ್ತಿಗಿಂತ ಮುಂದಿತ್ತು ಎಂದು ಬೀಗಬೇಕಾಗಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆ 2017-18ರಲ್ಲಿ ಮನೆಮನೆ ಕೇಳಿದಾಗ, ಕಂಪ್ಯೂಟರ್ ಇದ್ದದ್ದು ಹಳ್ಳಿಗಳ ನೂರು ಮನೆಗಳಲ್ಲಿ ನಾಲ್ಕೂ ಚಿಲ್ಲರೆ ಮನೆಗಳಲ್ಲಿ, ಪಟ್ಟಣಗಳಲ್ಲಿ ಇಪ್ಪತ್ತಮೂರು ಮನೆಗಳಲ್ಲಿ. ಕಂಪ್ಯೂಟರಿನಿಂದ ಮೊಬೈಲಿಗೆ ಹೋಗಬೇಕಾದರೆ ಮೊದಲು ಮನೆಯಲ್ಲಿ ಕಂಪ್ಯೂಟರ್ ಇರಬೇಕಲ್ಲ? ಇಲ್ಲಿ ಕುಳಿತಿರುವ ಬಹುಪಾಲು ಪದವೀಧರರ ಮನೆಗೆ ಕಾಲಿಟ್ಟ ಮೊದಲ ಕಂಪ್ಯೂಟರೇ ಮೊಬೈಲು. ಜಗತ್ತಿನ ಉಳಿದವರು ಮೇಜು ಬಿಟ್ಟು ಬಂದರು, ಕೆ.ಜಿ.ಎಫ್. ಮಕ್ಕಳಿಗೆ ಬಿಡಲು ಮೇಜೇ ಇರಲಿಲ್ಲ.

ಯಂತ್ರ ಮೊದಲು ಯಾರಿಗಾಗಿ ಬರುತ್ತದೆ ಎಂಬುದು ಈ ಊರಿಗೆ ಚೆನ್ನಾಗಿ ಗೊತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆದು ಕೋಲಾರ ಚಿನ್ನದ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿ ದೀಪಗಳು ಹತ್ತಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಇದನ್ನು ಊರಿನವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ಆ ಕರೆಂಟು ಬಂದದ್ದು ಗಣಿಯ ಯಂತ್ರಗಳಿಗಾಗಿ, ಕಾರ್ಮಿಕರ ಲೈನ್ ಮನೆಯ ಅಡುಗೆಕೋಣೆಗಾಗಿ ಅಲ್ಲ. ಕಂಪ್ಯೂಟರೂ ಹಾಗೇ. ಮೊದಲು ಕಚೇರಿಗೆ ಬಂತು, ಕಾರ್ಖಾನೆಗೆ ಬಂತು, ಕಾಲೇಜಿನ ಲ್ಯಾಬಿಗೆ ಬಂತು. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾಗಿದ್ದ ಕಾಲ ಅದು; ದೇವರ ಮನೆಗೂ ಕಂಪ್ಯೂಟರ್ ಕೋಣೆಗೂ ಮಡಿ ಒಂದೇ.

2001ರ ಫೆಬ್ರವರಿ 28ರಂದು ಇಲ್ಲಿನ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಅದೇ ವರ್ಷದ ಏಪ್ರಿಲಿನಲ್ಲಿ, ಇಲ್ಲಿಂದ ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ, ಅಂಗೈಯಲ್ಲಿ ಹಿಡಿಯುವಂಥ ಒಂದು ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದರು. ಹೆಸರು ಸಿಂಪ್ಯೂಟರ್. ಇಂದಿನ ಪದವೀಧರರಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದಾರೋ! ಕೇಳಿಲ್ಲದಿದ್ದರೆ ತಪ್ಪು ಅವರದಲ್ಲ, ಪಠ್ಯಪುಸ್ತಕಗಳದ್ದು.

ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು (ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್) ಮತ್ತು ಎನ್ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಸೇರಿ ಅದನ್ನು ರೂಪಿಸಿದ್ದರು. ಕೀಲಿಮಣೆ ಇಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಓದಲು ಬಾರದವರಿಗೆ ಬರಹವನ್ನು ಕನ್ನಡದಲ್ಲೇ ಓದಿ ಹೇಳುವ ಸೌಲಭ್ಯ. ಒಳಗೆ ಲಿನಕ್ಸ್. ಎಲ್ಲಕ್ಕಿಂತ ಚೆಂದದ ಯೋಚನೆಯೆಂದರೆ ಸ್ಮಾರ್ಟ್ ಕಾರ್ಡು: ಊರಿಗೆಲ್ಲ ಒಂದೇ ಯಂತ್ರ, ಮನೆಗೊಂದು ಕಾರ್ಡು. ರೈತ ತನ್ನ ಕಾರ್ಡು ತೂರಿಸಿದರೆ ಯಂತ್ರ ಅಷ್ಟು ಹೊತ್ತು ಅವನದು. ಕಾರ್ಡು ತೆಗೆದರೆ ಮುಂದಿನವರದು. ಪಂಚಾಯಿತಿ ಕಟ್ಟೆಯ ರೇಡಿಯೊವನ್ನು ಊರೆಲ್ಲ ಕೂತು ಕೇಳುತ್ತಿದ್ದಂತೆ ಕಂಪ್ಯೂಟರನ್ನೂ ಹಂಚಿಕೊಳ್ಳುತ್ತಾರೆ ಎಂದು ಅವರು ನಂಬಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಎಂಬ ಮಾದರಿ ಮಾರುಕಟ್ಟೆಗೆ ಬಂತು. ಅದನ್ನು ಕೈಯಲ್ಲಿ ಹಿಡಿದು ಕೊಡವಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು.

ಮಾರಾಟವಾದದ್ದು ಕೆಲವೇ ಸಾವಿರ.

ಏಕೆ? ಅಗ್ಗದ ಮಾದರಿಗೇ ಹತ್ತು ಸಾವಿರ ರೂಪಾಯಿಯ ಆಸುಪಾಸು ಬೆಲೆ ಇತ್ತು, ಅದೊಂದು ಕಾರಣ. ಇನ್ನೊಂದು, ಅದರಲ್ಲಿ ಫೋನ್ ಇರಲಿಲ್ಲ. ಜನರಿಗೆ ಮೊದಲು ಬೇಕಾಗಿದ್ದದ್ದು ಲೆಕ್ಕ ಮಾಡುವ ಯಂತ್ರ ಅಲ್ಲ, ದೂರದಲ್ಲಿರುವ ಮಗನ ದನಿ. ಗಣಿ ಮುಚ್ಚಿದ ಮೇಲೆ ಈ ಊರಿನ ಗಂಡಸರು, ಆಮೇಲೆ ಹೆಂಗಸರು, ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗತೊಡಗಿದ್ದರು. ರಾತ್ರಿ ಬಂಗಾರಪೇಟೆಯಲ್ಲಿ ರೈಲು ನಿಂತುಬಿಟ್ಟರೆ ಮನೆಗೆ ಹೇಳುವುದು ಹೇಗೆ? 2003ರಲ್ಲಿ ರಿಲಯನ್ಸ್ ಮೊದಲಿಗೆ 501 ರೂಪಾಯಿ ಕಟ್ಟಿಸಿಕೊಂಡು ಮೊಬೈಲ್ ಕೈಗಿಟ್ಟಿತು. ಅದೇ ವರ್ಷ ನೋಕಿಯಾ 1100 ಬಂತು. ಅದರ ನೆತ್ತಿಯ ಮೇಲೊಂದು ಟಾರ್ಚು. ತಲೆಗೆ ದೀಪ ಕಟ್ಟಿಕೊಂಡು ಮೂರು ಕಿಲೋಮೀಟರ್ ಆಳಕ್ಕೆ ಇಳಿದವರ ಊರಿನಲ್ಲಿ ಟಾರ್ಚಿರುವ ಫೋನಿಗೆ ಜಾಹೀರಾತು ಬೇಕಾಗಿರಲಿಲ್ಲ.

ಸಿಂಪ್ಯೂಟರ್ ಕಟ್ಟಿದವರು ಸೋತರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಅವರು ಕಂಡಿದ್ದ ಕನಸನ್ನು ಒಮ್ಮೆ ಈಗಿನ ಫೋನಿನ ಪಕ್ಕದಲ್ಲಿಟ್ಟು ನೋಡಬೇಕು. ಮುಟ್ಟುವ ಪರದೆ, ಕನ್ನಡದ ದನಿ, ಅಂಗೈ ಅಳತೆ ಎಲ್ಲ ಹಾಗೆಯೇ ಬಂದಿವೆ. ಬಾರದೇ ಹೋದದ್ದು ಹಂಚಿಕೊಳ್ಳುವ ಯೋಚನೆ ಒಂದೇ. ಕಾರ್ಡು ಎಲ್ಲರಿಗೂ ಸಿಕ್ಕಿತು, ಸಿಮ್ ಎಂಬ ಹೆಸರಿನಲ್ಲಿ. ಯಂತ್ರ ಮಾತ್ರ ಒಬ್ಬೊಬ್ಬರಿಗೆ ಒಂದೊಂದಾಯಿತು. ಹಂಚಿಕೊಳ್ಳುವ ಯಂತ್ರ ಇಂದು ಉಳಿದಿರುವುದು ಆ ಜೆರಾಕ್ಸ್ ಅಂಗಡಿಯಲ್ಲಿ.

ಸರ್ಕಾರದ ಕಡೆಯಿಂದ ಕಂಪ್ಯೂಟರ್ ಜನರ ಬಳಿಗೆ ಬಂದದ್ದೂ ಸಿಂಪ್ಯೂಟರಿನ ಕಾಲದಲ್ಲೇ, 'ಭೂಮಿ' ಯೋಜನೆಯ ಮೂಲಕ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ ಹದಿನೈದು ರೂಪಾಯಿಗೆ ಪ್ರಿಂಟ್ ಕೊಡತೊಡಗಿದರು. ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದು ತಪ್ಪಿತು, ಸರದಿ ನಿಲ್ಲುವುದು ಬಂತು. ಈಗ ಅದೇ ಪಹಣಿಯನ್ನು ಫೋನಿನಲ್ಲೇ ನೋಡಬಹುದು. ಆದರೂ ಬ್ಯಾಂಕಿನವರು ಕಾಗದ ಕೇಳುತ್ತಾರೆ, ಮತ್ತೆ ಜೆರಾಕ್ಸ್ ಅಂಗಡಿ.

ಕನ್ನಡಕ್ಕೆ ಈ ದಾಟುವಿಕೆ ಸಲೀಸಾಗಿ ಆಗಲಿಲ್ಲ. ಡೆಸ್ಕ್‌ಟಾಪ್ ಕಾಲದಲ್ಲಿ ಕನ್ನಡಕ್ಕೆ ಶೇಷಾದ್ರಿವಾಸು ಅವರ 'ಬರಹ' ಇತ್ತು, ಕನ್ನಡ ಗಣಕ ಪರಿಷತ್ತಿನ 'ನುಡಿ' ಇತ್ತು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಇತ್ತು. ಮುದ್ರಣಾಲಯಗಳೂ ಸರ್ಕಾರಿ ಕಚೇರಿಗಳೂ ಇವುಗಳ ಮೇಲೆಯೇ ನಡೆದವು. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಸುತ್ತೋಲೆಯನ್ನು ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಈಗಲೂ ಒಮ್ಮೊಮ್ಮೆ ಕಾಣುತ್ತದೆ. ಯೂನಿಕೋಡ್ ಕನ್ನಡವಾದರೂ ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಬರೀ ಚೌಕ ಚೌಕವಾಗಿ ಮೂಡುತ್ತಿತ್ತು. 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಿಂದ ಆ ಚೌಕಗಳು ಅಕ್ಷರಗಳಾದವು. ಮನೆಯಲ್ಲಿ ತಮಿಳು ಅಥವಾ ತೆಲುಗು, ಶಾಲೆಯಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್ ಎಂದು ಬೆಳೆದ ಇಲ್ಲಿನ ಮಕ್ಕಳು ಅಷ್ಟರಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಮೂರು ಭಾಷೆಗಳನ್ನೂ ಬರೆಯುವ ಅಭ್ಯಾಸ ಮಾಡಿಕೊಂಡಿದ್ದರು. ಅಪ್ಪ ಅಮ್ಮಂದಿರು ಬರೆಯುವ ಗೋಜಿಗೇ ಹೋಗದೆ ವಾಯ್ಸ್ ಮೆಸೇಜಿಗೆ ಹಾರಿದರು.

ಆಮೇಲೆ ಬಂತು 2016. ಏಪ್ರಿಲಿನಲ್ಲಿ ಯುಪಿಐ, ಸೆಪ್ಟೆಂಬರಿನಲ್ಲಿ ಜಿಯೊ, ನವೆಂಬರಿನಲ್ಲಿ ನೋಟು ರದ್ದತಿ. ಒಂದೇ ವರ್ಷದಲ್ಲಿ ಡೇಟಾ ಅಗ್ಗವಾಯಿತು, ನೋಟು ದುಬಾರಿಯಾಯಿತು. 2023ರ ಆಗಸ್ಟಿನಲ್ಲಿ ದೇಶದ ಯುಪಿಐ ವ್ಯವಹಾರ ಮೊದಲ ಬಾರಿಗೆ ತಿಂಗಳಿಗೆ ಸಾವಿರ ಕೋಟಿ ಸಲವನ್ನು ದಾಟಿತು. ಸೊಪ್ಪಿನ ಗಾಡಿಯ ಮೇಲಿನ ಕ್ಯೂಆರ್ ಚೀಟಿ ಈಗ ಯಾರಿಗೂ ಬೆರಗಲ್ಲ. ಸಂಜೆ ಮಾರುಕಟ್ಟೆಯಲ್ಲಿ ಹಣ ಬಂತೆಂದು ಕೂಗುವ ಪೆಟ್ಟಿಗೆಗಳ ಗದ್ದಲ ಸೊಪ್ಪು ಮಾರುವವರ ಕೂಗನ್ನು ಮೀರಿಸುತ್ತದೆ. ಇವರಲ್ಲಿ ಕಂಪ್ಯೂಟರಿನಲ್ಲಿ ಬ್ಯಾಂಕ್ ಖಾತೆ ತೆರೆದು ನೋಡಿದವರು ಬಹುಶಃ ಒಬ್ಬರೂ ಇರಲಾರರು.

ಕೊರೊನಾ ಕಾಲದ ಕಥೆಯನ್ನು ಈ ಪದವೀಧರರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಇಬ್ಬರು ಮಕ್ಕಳು, ಒಂದು ಫೋನು. ಅಪ್ಪ ಅದನ್ನು ಕೆಲಸಕ್ಕೆ ತೆಗೆದುಕೊಂಡು ಹೋದರೆ ಇಬ್ಬರಿಗೂ ಪಾಠವಿಲ್ಲ. ಒಂದು ಸಂಗತಿ ಮಾತ್ರ ನೆನಪಿಸಬಹುದು. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅದುವರೆಗೆ ಲ್ಯಾಪ್‌ಟಾಪ್ ಹಂಚುತ್ತಿದ್ದ ರಾಜ್ಯ ಸರ್ಕಾರ 2021ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಟ್ಯಾಬ್ಲೆಟ್ ಹಂಚಿತು. ಪಾಠ ಕೇಳಲು ಟ್ಯಾಬ್ಲೆಟ್ ಸಾಕು, ನಿಜ. ಪಾಠ ಕೇಳುವುದಷ್ಟೇ ವಿದ್ಯಾರ್ಥಿಯ ಕೆಲಸವಾದರೆ.

ಫೋನು ನೋಡಲು, ಕೇಳಲು, ಒತ್ತಲು, ಕಳಿಸಲು ಹೇಳಿ ಮಾಡಿಸಿದ ಯಂತ್ರ. ಕಟ್ಟುವ ಕೆಲಸ ಬಂದಾಗ ಅದು ಕೈ ಚೆಲ್ಲುತ್ತದೆ. ಬೆಮೆಲ್‌ನಂಥ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗದ ನಕ್ಷೆಯನ್ನು ಯಾರೂ ಹೆಬ್ಬೆರಳಿನಲ್ಲಿ ಬರೆಯುವುದಿಲ್ಲ. ಇನ್ನೂರು ಸಾಲಿನ ಎಕ್ಸೆಲ್ ಶೀಟನ್ನು ಫೋನಿನಲ್ಲಿ ತಿದ್ದಲು ಹೊರಟವರಿಗೆ ಗೊತ್ತು ಅದರ ಪಾಡು. ಫೋನಿನಲ್ಲೇ ಮಾಡಿದ ರೆಸ್ಯೂಮೆ ಜೆರಾಕ್ಸ್ ಅಂಗಡಿಯ ಪರದೆಯ ಮೇಲೆ ತೆರೆದಾಗ ಹೆಸರು ಒಂದು ಪುಟದಲ್ಲಿ, ವಿಳಾಸ ಇನ್ನೊಂದು ಪುಟದಲ್ಲಿ ಬಿದ್ದಿರುತ್ತದೆ. ಅಂಗಡಿಯ ಹುಡುಗ ಐದು ನಿಮಿಷದಲ್ಲಿ ಸರಿಪಡಿಸಿ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತಾನೆ. ಸಂದರ್ಶನಕ್ಕೆ ಹೋಗುವ ಪದವೀಧರನಿಗಿಂತ ಆ ಹುಡುಗನಿಗೇ ವರ್ಡ್ ಚೆನ್ನಾಗಿ ಬರುತ್ತದೆ ಎಂಬುದು ಯೋಚಿಸಬೇಕಾದ ವಿಷಯ, ನಗಬೇಕಾದದ್ದೂ ಹೌದು. ಬೆಂಗಳೂರಿನ ಕಚೇರಿಗಳಲ್ಲಿ ಕೆಲಸ ಇನ್ನೂ ಮೇಜಿನ ಮೇಲೆಯೇ ನಡೆಯುತ್ತಿದೆ. ರೈಲಿನಲ್ಲಿ ಎರಡು ಗಂಟೆ ಫೋನು ತೀಡಿ ಬಂದವರು ಅಲ್ಲಿ ಕೂತೊಡನೆ ಕೀಲಿಮಣೆ ಮುಟ್ಟಲೇಬೇಕು.

ಇನ್ನು, ಫೋನು ಈ ಜಿಲ್ಲೆಗೆ ಹೊರಗಿನಿಂದ ಮಾತ್ರ ಬರುತ್ತಿಲ್ಲ, ಇಲ್ಲಿಂದ ಹೊರಗೂ ಹೋಗುತ್ತಿದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ 2020ರಲ್ಲಿ ಐಫೋನ್ ಜೋಡಿಸಲು ಶುರುಮಾಡಿತು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಕೊಂಡಿತು. ನಡುವೆ 2020ರ ಡಿಸೆಂಬರ್ 12ರ ಬೆಳಗ್ಗೆ ಸಂಬಳದ ವಿಚಾರಕ್ಕೆ ಕಾರ್ಮಿಕರು ರೊಚ್ಚಿಗೆದ್ದು ಕಾರ್ಖಾನೆಯ ಗಾಜು ಪುಡಿಯಾಯಿತು. ಇಪ್ಪತ್ತೊಂದು ಸಾವಿರಕ್ಕೆ ಒಪ್ಪಿಸಿ ಕರೆತಂದ ಎಂಜಿನಿಯರಿಂಗ್ ಪದವೀಧರರಿಗೆ ಅಷ್ಟು ಕೊಡುತ್ತಿಲ್ಲ ಎಂಬ ದೂರು ಆಗ ಪತ್ರಿಕೆಗಳಲ್ಲಿ ಬಂತು. ಆ್ಯಪಲ್ ತಾನೇ ವಿಚಾರಣೆ ನಡೆಸಿ ವಿಸ್ಟ್ರಾನಿಗೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು. ಒಡೆದದ್ದು ಸರಿಯಲ್ಲ. ಆದರೆ ಒಂದು ಕಾಲಕ್ಕೆ ಗಣಿ ಕಾರ್ಮಿಕರ ಸಂಘಗಳು ಮುಷ್ಕರ ಹೂಡಿ ಕೂಲಿಯ ಲೆಕ್ಕ ಕೇಳಿದ ನೆಲ ಇದು, ಸಂಬಳದ ಚೀಟಿಯನ್ನು ಓದಿ ನೋಡುವ ಅಭ್ಯಾಸ ಇಲ್ಲಿನವರಿಗೆ ಹೊಸದಲ್ಲ.

ನರಸಾಪುರದಲ್ಲಿ ಜೋಡಿಸುವ ಆ ಫೋನಿನೊಳಗೆ ಒಂದಿಷ್ಟು ಚಿನ್ನವೂ ಇದೆ, ಒಂದು ಗ್ರಾಮಿನ ಸಣ್ಣ ಚೂರಿನಷ್ಟು. ತುಕ್ಕು ಹಿಡಿಯುವುದಿಲ್ಲ, ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ ಎಂದು ಸರ್ಕ್ಯೂಟಿನ ತುದಿಗಳಿಗೆ ಚಿನ್ನ ಹಚ್ಚುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ಗಾಗಿ ಜಪಾನೀಯರು ಅರವತ್ತು ಲಕ್ಷಕ್ಕೂ ಹೆಚ್ಚು ಹಳೆಯ ಮೊಬೈಲುಗಳನ್ನೂ ಇತರ ಎಲೆಕ್ಟ್ರಾನಿಕ್ ಕಸವನ್ನೂ ಕಲೆಹಾಕಿ ಮೂವತ್ತೆರಡು ಕಿಲೊ ಚಿನ್ನ ತೆಗೆದರು. ಗಣಿಯ ಸೈನೈಡ್ ದಿಬ್ಬಗಳ ನೆರಳಿನಲ್ಲಿ ಬೆಳೆದ ಯಾವ ರಸಾಯನಶಾಸ್ತ್ರದ ವಿದ್ಯಾರ್ಥಿಗಾದರೂ ಇದು ಕೆಲಸದ ಸುಳಿವು. ಕೊಠಡಿಯಲ್ಲಿ ಹಳೆಯ ಫೋನುಗಳ ರಾಶಿ ಹಾಕಿಕೊಂಡು ಆಸಿಡ್ ಸುರಿಯಲು ಹೋಗದಿದ್ದರೆ ಸಾಕು.

ಈಗ ಹೆಸರು ಕರೆಯುತ್ತಾರೆ, ಒಬ್ಬೊಬ್ಬರಾಗಿ ಬಂದು ಕಾಗದದ ಪ್ರಮಾಣಪತ್ರ ಪಡೆಯುತ್ತಾರೆ. ಡಿಜಿಲಾಕರಿನಲ್ಲೂ ಅದು ಒಂದು ದಿನ ಬಂದೀತು. ಮೂಲ ಪ್ರತಿಗೆ ಲ್ಯಾಮಿನೇಷನ್ ಮಾಡಿಸುವುದು ಬೇಡ. ಮುಂದೆ ಅದರ ಮೇಲೆ ಮೊಹರು ಒತ್ತಬೇಕಾದ ಕಚೇರಿಗಳು ಪ್ಲಾಸ್ಟಿಕ್ ನೋಡಿ ವಾಪಸು ಕಳಿಸುತ್ತವೆ. ಫೋನಿನಲ್ಲಿ ಫೋಟೊ ತೆಗೆದರೆ ಮೂಲೆಯಲ್ಲಿ ಹೆಬ್ಬೆರಳು ಬಂದೇ ಬರುತ್ತದೆ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಆಂಡರ್ಸನ್‌ಪೇಟೆಯ ಆ ಅಂಗಡಿಯಲ್ಲಿ ಇಳಿದು ಸರಿಯಾಗಿ ಸ್ಕ್ಯಾನ್ ಮಾಡಿಸಿ. ಹುಡುಗ ಪಿಡಿಎಫ್ ಮಾಡಿ ನಿಮ್ಮ ಫೋನಿಗೇ ಕಳಿಸುತ್ತಾನೆ. ಅದಕ್ಕೆ ಓಟಿಪಿ ಬೇಕಾಗುವುದಿಲ್ಲ.